ಕರಾವಳಿಯ ಬೇಸಿಗೆಯಲ್ಲಿ ಹಿತ್ತಿಲ ತರಕಾರಿ: ತಗ್ಗಿನಲ್ಲಿ ನೆಟ್ಟು, ಬುಡ ಮುಚ್ಚಿ

ಮಳೆಗಾಲದಲ್ಲಿ ಏರು ಮಾಡಿ ನೆಟ್ಟ ಅಭ್ಯಾಸವನ್ನೇ ಬೇಸಿಗೆಗೂ ಮುಂದುವರಿಸಿದರೆ ಕೊಡಗಟ್ಟಲೆ ಹೊಯ್ದ ನೀರು ಬುಡ ಬಿಟ್ಟು ಆಚೆ ಓಡುತ್ತದೆ. ಮಂಗಳೂರು, ಉಡುಪಿಯ ಮುರಕಲ್ಲು (ಜಂಬಿಟ್ಟಿಗೆ) ಮಣ್ಣು ವರ್ಷಕ್ಕೆ ಸರಾಸರಿ ಮೂರು ಸಾವಿರ ಮಿಲಿಮೀಟರ್ ಮೀರುವ ಮಳೆಗೆ ತೊಳೆದುಹೋದದ್ದು. ಹುಳಿ ಜಾಸ್ತಿ, ಸುಣ್ಣದ ಅಂಶ ಕಡಿಮೆ, ನೀರು ಹಿಡಿದಿಡುವ ತಾಕತ್ತು ಇನ್ನೂ ಕಡಿಮೆ. ಹಾಗಾಗಿ ಇಲ್ಲಿ ಬೇಸಿಗೆ ತರಕಾರಿಯ ಅರ್ಧ ಕೆಲಸ ಬೀಜ ಹಾಕುವ ಮೊದಲೇ, ಗುಂಡಿಯಲ್ಲೇ ಮುಗಿಯಬೇಕು.

ಗುಂಡಿ ಮತ್ತು ಮಣ್ಣು

ಹೀರೆ, ಹಾಗಲ, ಪಡುವಲ, ಸೌತೆ, ಕುಂಬಳಕ್ಕೆ ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿ ಸಾಕು. ಗುಂಡಿಯಿಂದ ಗುಂಡಿಗೆ ಎರಡು ಮೀಟರ್. ತಳದಲ್ಲಿ ಮೂರು ನಾಲ್ಕು ತೆಂಗಿನ ಸಿಪ್ಪೆಗಳನ್ನು ಒಳಮೈ ಮೇಲೆ ಬರುವಂತೆ ಒತ್ತಾಗಿ ಹಾಸಿ. ಸಿಪ್ಪೆ ನೀರು ಕುಡಿದು ನಿಧಾನವಾಗಿ ಬಿಡುತ್ತದೆ. ಕವುಚಿ ಇಟ್ಟರೆ ನೀರು ಜಾರಿಹೋಗುತ್ತದೆ, ಪ್ರಯೋಜನ ಅರ್ಧಕ್ಕೆ ಇಳಿಯುತ್ತದೆ. ಅಗೆದ ಮಣ್ಣಿಗೆ ಒಂದು ಹಿಡಿ ಚಿಪ್ಪಿನ ಸುಣ್ಣ ಬೆರೆಸಿ, ನೀರು ಚಿಮುಕಿಸಿ ಹತ್ತು ಹದಿನೈದು ದಿನ ಬಿಡಿ. ಆಮೇಲೆ ಒಂದು ಬುಟ್ಟಿ ಹುಡಿಯಾದ ಹಟ್ಟಿಗೊಬ್ಬರ, ಎರಡು ಹಿಡಿ ಬೂದಿ ಅಥವಾ ಒಂದು ಬುಟ್ಟಿ ಸುಡುಮಣ್ಣು (ಕಸಕಡ್ಡಿಯೊಂದಿಗೆ ಸುಟ್ಟ ಮಣ್ಣು) ಸೇರಿಸಿ ತುಂಬಿ. ಸುಣ್ಣ, ಗೊಬ್ಬರ ಎರಡನ್ನೂ ಒಂದೇ ದಿನ ಬೆರೆಸಿದರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ತುಂಬಿದ ಮೇಲೂ ಗುಂಡಿ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಾಗಿಯೇ ಇರಲಿ.

ಬೆಂಡೆ, ಅಲಸಂಡೆಗೆ ಗುಂಡಿ ಬೇಡ, ಒಂದಡಿ ಅಗಲದ ಚಾಲು ತೆಗೆದು ಅದರೊಳಗೇ ಬಿತ್ತಿ. ಬೆಂಡೆಗೆ ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದು ಅಡಿ.

ತಾರಸಿಯಲ್ಲಿ ಬೆಳೆಸುವವರು ಮಣ್ಣು, ಹಟ್ಟಿಗೊಬ್ಬರ, ತೊಳೆದ ತೆಂಗಿನ ನಾರಿನ ಹುಡಿಯನ್ನು ಸಮಪಾಲು ಬೆರೆಸಿ. ಚೀಲವನ್ನು ಕಾಂಕ್ರೀಟಿನ ಮೇಲೆ ನೇರ ಇಡದೆ ಎರಡು ಇಟ್ಟಿಗೆಯ ಮೇಲೆ ಇಡಿ. ಇಲ್ಲದಿದ್ದರೆ ಬೇರು ಕೆಳಗಿನಿಂದ ಬೇಯುತ್ತದೆ.

ಯಾವುದು, ಯಾವಾಗ

ಬಳ್ಳಿ ತರಕಾರಿಯ ಬೀಜ ಸಂಕ್ರಾಂತಿ ಕಳೆದ ಮೇಲೆ, ಶಿವರಾತ್ರಿಯ ಒಳಗೆ ಮಣ್ಣಿಗೆ ಬೀಳಬೇಕು. ಗುಂಡಿಗೆ ನಾಲ್ಕು ಬೀಜ ಹಾಕಿ, ಮೂರೆಲೆ ಬಂದಾಗ ಗಟ್ಟಿಯಾದ ಎರಡನ್ನು ಉಳಿಸಿ. ಏಪ್ರಿಲ್ ಮಧ್ಯದಲ್ಲಿ ಬರುವ ತುಳುವರ ಹೊಸವರ್ಷ ಬಿಸುವಿನಂದು ಹಣ್ಣು ತರಕಾರಿ ಜೋಡಿಸಿಡುವ ಕಣಿಗೆ ಮನೆಯದ್ದೇ ಸಾಂಬಾರು ಸೌತೆ ಇಡಬೇಕೆಂದರೆ ಜನವರಿ ಕೊನೆ ದಾಟಬಾರದು. ಬದನೆಯನ್ನು ಮಾರ್ಚಿನಲ್ಲಿ ಹೊಸದಾಗಿ ನೆಡುವುದು ದಂಡ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಉಡುಪಿಯ ಬದನೆ ಮಟ್ಟುಗುಳ್ಳವನ್ನೂ ಮಳೆ ಹಿಂದೆ ಸರಿದ ಮೇಲೆಯೇ ನೆಡುತ್ತಾರೆ. ಟೊಮೆಟೊದ ಆಸೆಯನ್ನಂತೂ ಬಿಡುವುದೇ ಒಳ್ಳೆಯದು. ಇಲ್ಲಿ ಏಪ್ರಿಲಿನ ರಾತ್ರಿಯೂ ಸೆಖೆ 25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ, ಹೂವು ಕಾಯಿ ಕಚ್ಚದೆ ಉದುರುತ್ತದೆ.

ಯುಗಾದಿ ಕಳೆದೂ ಧೈರ್ಯವಾಗಿ ಹಾಕಬಹುದಾದವು ಹರಿವೆ, ಬಸಳೆ, ಅಲಸಂಡೆ. ಕೆಂಪು ಹರಿವೆಗೆ ಮಳೆಗಾಲದಲ್ಲಿ ಎಲೆಚುಕ್ಕೆ ಬಡಿಯುತ್ತದೆ, ಅದರ ನಿಜವಾದ ಕಾಲ ಬೇಸಿಗೆಯೇ. ಬೀಜ ಸಾಸಿವೆಗಿಂತ ಸಣ್ಣದು, ಒಂದು ಚಮಚಕ್ಕೆ ಒಂದು ಸೇರು ಮರಳು ಬೆರೆಸಿ ಎರಚಿ. ಇರುವೆ ಹೊತ್ತೊಯ್ಯುತ್ತದೆ ಎನ್ನುವವರು ಪಾತಿಯ ಸುತ್ತ ಸ್ವಲ್ಪ ರವೆ ಚೆಲ್ಲಿ ನೋಡಿ, ಇರುವೆ ಮೊದಲು ಅದನ್ನೇ ಹಿಡಿಯುತ್ತದೆ. 25–30 ದಿನಕ್ಕೆ ಸೊಪ್ಪು ಕೀಳಬಹುದು. ದಂಟು ಬೇಕಾದರೆ ಗೇಣಿಗೊಂದು ಗಿಡ ಉಳಿಸಿ. ಮೇ ತಿಂಗಳ ಹಲಸಿನ ಬೀಜಕ್ಕೆ ಜೊತೆಯಾಗುವುದು ಆ ದಂಟೇ.

ಬಸಳೆಗೆ ಬಲಿತ ಬಳ್ಳಿಯ ಒಂದಡಿ ತುಂಡು, ಮೂರು ಗೆಣ್ಣು ಇರಲಿ, ಎರಡು ಗೆಣ್ಣು ಮಣ್ಣೊಳಗೆ. ಮೊದಲ ವಾರ ತೆಂಗಿನ ಮಡಲಿನ ನೆರಳು ಕೊಡಿ. ಮೀನು ತೊಳೆದ ನೀರು ಬಸಳೆಗೆ ಬಹಳ ಇಷ್ಟ ಎನ್ನುವುದು ಸುಳ್ಳಲ್ಲ, ಆದರೆ ಹೊಯ್ದ ಕೂಡಲೇ ಮಣ್ಣು ಎಳೆಯಿರಿ. ಇಲ್ಲದಿದ್ದರೆ ರಾತ್ರಿ ಬೆಕ್ಕು ಬಂದು ಬುಡವನ್ನೇ ಕೆದಕುತ್ತದೆ.

ನೀರು

ಬೇಸಿಗೆಯಲ್ಲಿ ಒಂದು ಚದರ ಮೀಟರ್ ಪಾತಿಗೆ ದಿನಕ್ಕೆ ಸುಮಾರು ಐದು ಲೀಟರ್ ಬೇಕು. ಹತ್ತು ಚದರ ಮೀಟರಿನ ಹಿತ್ತಿಲಿಗೆ ಐವತ್ತು ಲೀಟರ್, ಅಂದರೆ ಮೂರೂವರೆ ಬಕೆಟ್. ಬುಡ ಮುಚ್ಚಿದ್ದರೆ ಇದರಲ್ಲಿ ಗಣನೀಯ ಪಾಲು ಉಳಿಯುತ್ತದೆ. ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲೋ ಉಡುಪಿಗೆ ಕೊಡುವ ಬಜೆಯಲ್ಲೋ ನೀರು ಇಳಿದು 2019ರ ಮೇ ತಿಂಗಳಂತೆ ನಲ್ಲಿ ನೀರು ಪಾಳಿಯ ಮೇಲೆ ಬರುವ ವರ್ಷ ಹಿತ್ತಿಲು ಉಳಿಸುವುದು ಈ ಮುಚ್ಚಿಗೆಯೇ. ತರಗೆಲೆ, ಅಡಿಕೆ ಸೋಗೆ, ಗೊಬ್ಬರಗಿಡದ (ಗ್ಲಿರಿಸಿಡಿಯ) ಸೊಪ್ಪು ಯಾವುದಾದರೂ ಸರಿ, ನಾಲ್ಕು ಬೆರಳು ದಪ್ಪ ಹಾಸಿ. ಕಾಂಡಕ್ಕೆ ಮಾತ್ರ ತಾಗಿಸಬೇಡಿ, ಒರಲೆ (ಗೆದ್ದಲು) ಹತ್ತುತ್ತದೆ.

ನೀರು ಬೆಳಗ್ಗೆ ಎಂಟರ ಒಳಗೆ, ಬುಡಕ್ಕೆ ಮಾತ್ರ. ಸಂಜೆ ಎಲೆ ನೆನೆಸಿದರೆ ಕಡಲ ಬದಿಯ ಹಸಿ ಗಾಳಿಯಲ್ಲಿ ಅದು ರಾತ್ರಿಯಿಡೀ ಒಣಗುವುದಿಲ್ಲ, ಬಸಳೆಗೆ ಕೆಂಪು ಚುಕ್ಕೆ ಬರುವುದು ಹೀಗೆಯೇ. ಬಿಸಿಲಲ್ಲಿ ಬಿದ್ದಿದ್ದ ಪೈಪಿನ ಮೊದಲ ನೀರು ಕೈ ಸುಡುವಷ್ಟು ಬಿಸಿ ಇರುತ್ತದೆ, ಅದನ್ನು ಬಕೆಟಿಗೆ ಬಿಟ್ಟು ಆರಿಸಿ.

ಮಧ್ಯಾಹ್ನ ಸೌತೆ, ಕುಂಬಳದ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಹೊಯ್ಯಬೇಡಿ. ಸಂಜೆ ಆರಕ್ಕೆ ಮತ್ತೆ ಎದ್ದರೆ ಗಿಡ ಸರಿಯಾಗಿಯೇ ಇದೆ. ಬೆಳಗ್ಗೆಯೂ ಜೋತಿದ್ದರೆ ಮಣ್ಣಿಗೆ ಬೆರಳು ಹಾಕಿ ನೋಡಿ. ಎರಡು ಗೆಣ್ಣು ಆಳದಲ್ಲಿ ಒಣಗಿದ್ದರೆ ನೀರು ಕಮ್ಮಿ, ಹಸಿಯಿದ್ದರೆ ಬೇರಿನ ರೋಗ.

ಅಳಿವೆ ಬದಿಯ ಬಾವಿಗಳು ಏಪ್ರಿಲ್ ಹೊತ್ತಿಗೆ ಉಪ್ಪಾಗುತ್ತವೆ. ಎಲೆಯ ಅಂಚು ಸುಟ್ಟಂತಾಗಿ, ಚಟ್ಟಿಯ ಮೇಲೆ ಬಿಳಿ ಪದರ ಕಂಡರೆ ಅದೇ ಕಾರಣ. ದಿನಾ ಸ್ವಲ್ಪ ಸ್ವಲ್ಪ ಕೊಟ್ಟರೆ ಉಪ್ಪು ಮೇಲ್ಮಣ್ಣಿನಲ್ಲೇ ಕೂರುತ್ತದೆ. ಎರಡು ದಿನಕ್ಕೊಮ್ಮೆ ಧಾರಾಳವಾಗಿ ಕೊಟ್ಟು ಕೆಳಗೆ ಇಳಿಸಿ. ಅಡುಗೆಮನೆಯಿಂದ ಅಕ್ಕಿ ತೊಳೆದ ನೀರು, ಉಪ್ಪು ಹಾಕದ ಗಂಜಿ ತಿಳಿ ಬರಲಿ, ಸಾಬೂನು ನೀರು ಬೇಡ.

ಹೂವು, ಕಾಯಿ, ಹುಳ

ಬಳ್ಳಿಯಲ್ಲಿ ಮೊದಲ ಒಂದೆರಡು ವಾರ ಗಂಡು ಹೂವೇ ಬಂದು ಉದುರುತ್ತದೆ. ಅದು ರೋಗವಲ್ಲ. ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಆ ಪುಟ್ಟ ಕಾಯಿಯೇ ಹಳದಿಯಾಗಿ ಮುರುಟಿದರೆ ಪರಾಗ ಸಿಕ್ಕಿಲ್ಲ ಎಂದು ಅರ್ಥ, ಕೈಯಿಂದ ಮುಟ್ಟಿಸಿ. ಇದರಲ್ಲಿ ಹೊತ್ತು ಮುಖ್ಯ. ಸೌತೆ, ಹಾಗಲ, ಕುಂಬಳ ಅರಳುವುದು ಬೆಳಗ್ಗೆ, ಹೀರೆ, ಸೋರೆ, ಪಡುವಲ ಅರಳುವುದು ಸಂಜೆ. ಬೆಳಗ್ಗೆ ಎಂಟಕ್ಕೆ ಹೀರೆಯ ಹತ್ತಿರ ಹೋದರೆ ಕೆಲಸ ಕೆಟ್ಟಂತೆ. ಬಳ್ಳಿ ಕಪ್ಪು ಹಸಿರಾಗಿ ಎಲೆಯಷ್ಟೇ ಬರುತ್ತಿದ್ದರೆ ಸಗಣಿ ಸ್ಲರಿ ಹೆಚ್ಚಾಯಿತು. ಅದನ್ನು ನಿಲ್ಲಿಸಿ ಬೂದಿ ಕೊಡಿ.

ಕಾಯಿ ಸೊಟ್ಟಗಾಗಿ, ಒಂದು ಕಡೆ ಅಂಟು ಜಿನುಗಿದರೆ ಹಣ್ಣುನೊಣ. ಇಲ್ಲಿ ಬೇಸಿಗೆ ತರಕಾರಿಯ ದೊಡ್ಡ ಶತ್ರು ಅದೇ. ನೊಣ ಎಳೆಗಾಯಿಯ ಸಿಪ್ಪೆಯೊಳಗೆ ಮೊಟ್ಟೆ ಇಡುತ್ತದೆ, ಹೊರಗೆ ಕಾಣುವ ಹೊತ್ತಿಗೆ ಯಾವ ಮದ್ದೂ ಒಳಗೆ ಮುಟ್ಟದು. ಹೂವು ಬಾಡಿದ ಎರಡನೇ ದಿನವೇ ಕಾಯಿಗೆ ಕಾಗದ ಅಥವಾ ತೆಳು ಬಟ್ಟೆಯ ಚೀಲ ಕಟ್ಟಿ. ವಾಸನೆಯಿಂದ ನೊಣವನ್ನು ಕರೆದು ಹಿಡಿಯುವ ಕ್ಯೂಲೂರ್ ಬಲೆ ಗಂಡು ನೊಣವನ್ನು ಮಾತ್ರ ಸೆಳೆಯುವುದರಿಂದ ಹೂ ಬಿಡುವ ಮೊದಲೇ ತೂಗಿಸಬೇಕು. ಮಾವಿಗೆಂದು ಮಾರುವ ಮೀಥೈಲ್ ಯೂಜಿನಾಲ್ ಬಲೆ ಇದಕ್ಕೆ ಆಗುವುದಿಲ್ಲ. ಕೆಟ್ಟ ಕಾಯಿಯನ್ನು ಗೊಬ್ಬರಗುಂಡಿಗೆ ಎಸೆದರೆ ಹುಳ ಅಲ್ಲೇ ಕೋಶವಾಗಿ ಮತ್ತೆ ಹಾರಿಬರುತ್ತದೆ. ಸಾಬೂನು ನೀರಿನ ಬಕೆಟಿನಲ್ಲಿ ಮೂರು ದಿನ ಮುಳುಗಿಸಿಡಿ.

ಅಲಸಂಡೆಯ ಕುಡಿಗೆ ಕಪ್ಪು ಹೇನು ಹತ್ತಿದರೆ ಮೊದಲು ಕುಡಿ ಚಿವುಟಿ ಹಾಕಿ, ಇಬ್ಬನಿ ಇರುವಾಗಲೇ ಬೂದಿ ಎರಚಿ. ಇಷ್ಟಕ್ಕೂ ನಿಲ್ಲದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕರಗಿಸಲು ಸ್ವಲ್ಪ ಸಾಬೂನು, ಬಿಸಿಲು ಇಳಿಯುತ್ತಿದ್ದಂತೆ ಎಲೆಯ ಅಡಿಗೆ ಸಿಂಪಡಿಸಿ. ಬೆಂಡೆಯ ಎಲೆನರ ಹಳದಿಯಾದರೆ ಬಿಳಿನೊಣ ತಂದ ನಂಜುರೋಗ, ಅದಕ್ಕೆ ಮದ್ದಿಲ್ಲ. ಆ ಗಿಡ ಕಿತ್ತು ಸುಡಿ, ಮುಂದಿನ ಸಲ ಈ ರೋಗ ತಡೆಯುವ ತಳಿ ಹಾಕಿ.

ಬದನೆ ಹಸಿರಾಗಿರುವಾಗಲೇ ಒಮ್ಮೆಲೇ ಸೊರಗಿದರೆ ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ತೂಗಿ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ಇಳಿದರೆ ಬ್ಯಾಕ್ಟೀರಿಯಾ ಸೊರಗು ರೋಗ. ಅದೇ ಜಾಗದಲ್ಲಿ ಬದನೆ, ಟೊಮೆಟೊ, ಮೆಣಸು ಕೆಲವು ವರ್ಷ ಬೇಡ. ಬದನೆ ಬೇಕೇ ಬೇಕೆಂದರೆ ಈ ರೋಗ ತಾಳುವ ಕಾಡುಸುಂಡೆಗೆ ಕಸಿ ಕಟ್ಟಿದ ಗಿಡ ತನ್ನಿ.

ಮೇ ಕೊನೆಯ ಕೆಲಸ

ಸಾಂಬಾರು ಸೌತೆ ಹಳದಿ ತಿರುಗಿದಾಗ ತೊಟ್ಟು ಸಮೇತ ಕೊಯ್ದು, ಪೆಟ್ಟು ತಾಗಿಲ್ಲದ್ದನ್ನು ಆರಿಸಿ ಬಾಳೆನಾರಿನಲ್ಲಿ ಕಟ್ಟಿ ಅಡ್ಡಕ್ಕೆ ತೂಗಿಸಿ. ಒಂದಕ್ಕೊಂದು ತಾಗಬಾರದು. ಮೇ 24ರ ಸುಮಾರಿಗೆ ಬರುವ ತುಳುವರ ಪತ್ತನಾಜೆಯ ಹೊತ್ತಿಗೆ ಗುಡುಗು ಮಳೆ ಶುರುವಾಗುತ್ತದೆ, ಅದಕ್ಕೆ ಮೊದಲು ಚಪ್ಪರದ ಕಂಬ ಗಟ್ಟಿ ಮಾಡಿ. ಉಳಿಸಬೇಕೆಂದಿರುವ ಬಸಳೆ, ತೊಂಡೆಯ ಗುಂಡಿಗೆ ಮಣ್ಣು ತುಂಬಿ ನೆಲಕ್ಕಿಂತ ಅರ್ಧ ಅಡಿ ಎತ್ತರಿಸಿ, ಬದಿಯಲ್ಲಿ ನೀರು ಹೋಗಲು ಕಣಿ ತೆಗೆಯಿರಿ. ಅಲಸಂಡೆ, ಹೀರೆಯ ಬೀಜದ ಕಾಯಿಯನ್ನು ಮೋಡ ಕವಿಯುವ ಮುಂಚೆ ಒಣಗಿಸಿ, ಬೂದಿ ಬೆರೆಸಿ ಬಾಟಲಿಗೆ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಡಿ.