ಟಾನ್ಸಿಲ್ ಊದಿದ ಬೆಳಿಗ್ಗೆ: ರಜೆ ಹಾಕಬೇಕೇ, ಬೇಡವೇ?

ಎದ್ದು ಮೊದಲ ಸಲ ಉಗುಳು ನುಂಗುವಾಗಲೇ ಗಂಟಲಲ್ಲಿ ಮುಳ್ಳು ಆಡಿಸಿದ ಹಾಗೆ. ಬಸ್ಸಿಗೆ ಇನ್ನು ಮುಕ್ಕಾಲು ಗಂಟೆ. ಅಷ್ಟರೊಳಗೆ ಮೂರು ಸಂಗತಿ ಗೊತ್ತಾಗಬೇಕು: ಜ್ವರ ಎಷ್ಟಿದೆ, ಗಂಟಲೊಳಗೆ ಏನು ಕಾಣುತ್ತಿದೆ, ನೀರು ಇಳಿಯುತ್ತಿದೆಯೇ. ನೋವಿನ ಅಳತೆಯಿಂದ ರಜೆ ತೀರ್ಮಾನಿಸುವವರೇ ಹೆಚ್ಚು, ಆದರೆ ಅದು ಸರಿಯಾದ ಅಳತೆಗೋಲಲ್ಲ. ತಾನಾಗಿಯೇ ವಾಸಿಯಾಗುವ ವೈರಸ್ ಸೋಂಕೂ ಬ್ಯಾಕ್ಟೀರಿಯಾದ ಸೋಂಕಿನಷ್ಟೇ ನೋಯಿಸಬಲ್ಲದು.

ಮೊದಲು ಥರ್ಮಾಮೀಟರ್, ಆಮೇಲೆ ಗುಳಿಗೆ

ಬಹಳ ಮನೆಗಳಲ್ಲಿ ಇದು ತಿರುಗುಮುರುಗು. ಮೊದಲು ಒಂದು ಪ್ಯಾರಸಿಟಮಾಲ್ ನುಂಗಿ, ಅರ್ಧ ಗಂಟೆ ಬಿಟ್ಟು ಹಣೆ ಮುಟ್ಟಿ ನೋಡಿ "ಜ್ವರವೇನಿಲ್ಲ" ಎಂದು ಹೊರಟುಬಿಡುತ್ತಾರೆ. ಮಧ್ಯಾಹ್ನ ಗುಳಿಗೆಯ ಬಲ ಇಳಿದಾಗ ಆಫೀಸಿನಲ್ಲೇ ಚಳಿ ಹತ್ತುತ್ತದೆ. ಬಿಸಿ ಕಾಫಿ ಕುಡಿದಿದ್ದರೆ ಇಪ್ಪತ್ತು ನಿಮಿಷ ಬಿಟ್ಟು, ಗುಳಿಗೆ ಮುಟ್ಟುವ ಮೊದಲೇ ಅಳೆಯಿರಿ. ಬಾಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ (38 ಸೆಲ್ಸಿಯಸ್) ದಾಟಿದರೆ ಜ್ವರ ಎಂದೇ ಲೆಕ್ಕ. ಕಂಕುಳಲ್ಲಿ ಇಟ್ಟರೆ ಸುಮಾರು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಅಲ್ಲಿ 99.5 ಬಂದರೂ ನಿರ್ಲಕ್ಷಿಸಬೇಡಿ.

ಕನ್ನಡಿ ಮತ್ತು ಮೊಬೈಲ್ ಟಾರ್ಚ್

ಕನ್ನಡಿಯ ಎದುರು ನಿಂತು ಟಾರ್ಚಿನ ಬೆಳಕು ನೇರ ಬಾಯೊಳಗೆ ಬೀಳುವ ಹಾಗೆ ಹಿಡಿಯಿರಿ. ಚಮಚದ ಹಿಂಬದಿಯಿಂದ ನಾಲಿಗೆಯ ಮಧ್ಯಭಾಗವನ್ನು ಮೆಲ್ಲಗೆ ಒತ್ತಿ, ಉದ್ದಕ್ಕೆ "ಆ" ಎನ್ನಿ. ಚಮಚ ಇನ್ನೂ ಹಿಂದಕ್ಕೆ ಹೋದರೆ ಓಕರಿಕೆ ಬರುತ್ತದೆ, ಏನೂ ಕಾಣುವುದಿಲ್ಲ. ನಡುವೆ ತೂಗುವುದು ಕಿರುನಾಲಿಗೆ. ಅದರ ಎಡಬಲದ ಕಮಾನುಗಳ ಸಂದಿಯಲ್ಲಿ ಕೂತಿರುವ ಎರಡು ಗಂಟುಗಳೇ ಟಾನ್ಸಿಲ್. ಆರೋಗ್ಯವಾಗಿದ್ದಾಗ ಪಕ್ಕದ ಬಾಯಿಯ ಬಣ್ಣವೇ ಇವಕ್ಕೂ. ಸೋಂಕು ತಗುಲಿದಾಗ ಕೆಂಪೇರಿ, ಊದಿ, ನಡುವಿನ ಕಿರುನಾಲಿಗೆಯ ಕಡೆಗೆ ಒತ್ತಿಕೊಂಡು ಬರುತ್ತವೆ. ಮೇಲೆ ಬಿಳಿ ಅಥವಾ ತಿಳಿಹಳದಿ ಕೀವಿನ ಚುಕ್ಕೆಗಳಿರಬಹುದು.

ಇಲ್ಲಿ ಒಂದು ತಪ್ಪು ಆಗಾಗ ಆಗುತ್ತದೆ. ಜ್ವರವಿಲ್ಲ, ನೋವೂ ಇಲ್ಲ, ಟಾನ್ಸಿಲಿನ ಗುಳಿಯೊಂದರಲ್ಲಿ ಅಕ್ಕಿ ನುಚ್ಚಿನಂಥ ಬಿಳಿ ಕಾಳು ಮಾತ್ರ ಕಾಣುತ್ತಿದೆ, ಬಾಯಿ ವಾಸನೆ ಬರುತ್ತಿದೆ ಎಂದರೆ ಅದು ಕೀವಲ್ಲ. ಅನ್ನದ ಚೂರು, ಸತ್ತ ಜೀವಕೋಶ ಸೇರಿ ಗಟ್ಟಿಯಾದ ಟಾನ್ಸಿಲ್ ಕಲ್ಲು. ಅದಕ್ಕೆ ಆಂಟಿಬಯಾಟಿಕ್ಕೂ ಬೇಡ, ರಜೆಯೂ ಬೇಡ. ಬಾಯಿ ಮುಕ್ಕಳಿಸಿದರೆ ಸಾಕು.

ನಾಲ್ಕು ಗುರುತು

ದವಡೆ ಮೂಲೆಯ ಕೆಳಗೆ, ಕುತ್ತಿಗೆಯ ಮುಂಬದಿಯಲ್ಲಿ ಬೆರಳ ತುದಿಯಿಂದ ಒತ್ತಿ ನೋಡಿ. ಊದಿದ ಗಂಟು ಸಿಕ್ಕಿ, ಒತ್ತಿದರೆ ನೋಯುತ್ತಿದ್ದರೆ ಒಂದು ಅಂಕ. ಜ್ವರಕ್ಕೆ ಒಂದು, ಟಾನ್ಸಿಲ್ ಮೇಲೆ ಬಿಳಿ ಕಂಡರೆ ಅಥವಾ ಅದು ಊದಿದ್ದರೆ ಒಂದು, ಕೆಮ್ಮು ಇಲ್ಲದಿದ್ದರೆ ಇನ್ನೊಂದು. ಹೌದು, ಇಲ್ಲದಿರುವುದಕ್ಕೇ ಅಂಕ: ಮೂಗು ಸೋರುವುದು, ಕೆಮ್ಮು, ದನಿ ಒಡೆಯುವುದು, ಕಣ್ಣು ಕೆಂಪಾಗುವುದು ವೈರಸ್ಸಿನ ಗುರುತುಗಳು. ವೈದ್ಯರು ಸೆಂಟೊರ್ ಸ್ಕೋರ್ ಎಂದು ಬಳಸುವ ಲೆಕ್ಕ ಇದೇ, 1981ರಿಂದ ಚಾಲ್ತಿಯಲ್ಲಿದೆ. ಆಮೇಲೆ ಇದಕ್ಕೆ ವಯಸ್ಸೂ ಸೇರಿತು: 3ರಿಂದ 14 ವರ್ಷದವರಿಗೆ ಒಂದು ಅಂಕ ಜಾಸ್ತಿ, 45 ದಾಟಿದವರಿಗೆ ಒಂದು ಕಡಿಮೆ.

ಸೊನ್ನೆ ಅಥವಾ ಒಂದು ಬಂದರೆ ಬ್ಯಾಕ್ಟೀರಿಯಾ ಎಂದು ಅನುಮಾನಿಸಲು ಕಾರಣ ಕಡಿಮೆ, ಮನೆ ಆರೈಕೆ ಸಾಕು. ಮೂರು, ನಾಲ್ಕು ಬಂದರೆ ವೈದ್ಯರನ್ನು ಕಾಣಬೇಕು. ಆದರೆ ನಾಲ್ಕಕ್ಕೆ ನಾಲ್ಕು ಬಂದರೂ ಸ್ಟ್ರೆಪ್ (ಗಂಟಲು ಕೆಡಿಸುವ ಮುಖ್ಯ ಬ್ಯಾಕ್ಟೀರಿಯಾ, ಸ್ಟ್ರೆಪ್ಟೊಕಾಕಸ್) ಇರುವ ಸಂಭವ ಸುಮಾರು ಅರ್ಧಕ್ಕರ್ಧ ಅಷ್ಟೇ. ಖಚಿತವಾಗಲು ಗಂಟಲಿನ ಸ್ವಾಬ್ ಪರೀಕ್ಷೆ ಬೇಕು. ನಮ್ಮಲ್ಲಿ ಇದಕ್ಕೆ ಬದಲಾಗಿ ಎಎಸ್‌ಒ ರಕ್ತಪರೀಕ್ಷೆ ಮಾಡಿಸಿಕೊಂಡು ಬರುವವರಿದ್ದಾರೆ. ಅದು ಅಳೆಯುವುದು ಸ್ಟ್ರೆಪ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಆ ಅಂಶ ರಕ್ತದಲ್ಲಿ ಏರಲು ವಾರವೇ ಬೇಕು, ಹಾಗಾಗಿ ಅದು ಹೇಳುವುದು ಹಿಂದಿನ ಸೋಂಕಿನ ಕಥೆಯನ್ನು. ಇವತ್ತಿನ ಗಂಟಲಿಗೆ ಆ ಖರ್ಚು ದಂಡ.

ರಜೆಯ ಮಾತು ಬಿಟ್ಟು ಆಸ್ಪತ್ರೆಗೆ ಹೊರಡಬೇಕಾದದ್ದು

ಮಧ್ಯದ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಬಾಯೊಳಗೆ ಹಿಡಿಯಬೇಕು, ಅದು ಸಹಜ ಅಳತೆ. ಬಾಯಿ ಅಷ್ಟು ತೆರೆಯಲಾಗುತ್ತಿಲ್ಲ, ನೋವು ಒಂದೇ ಬದಿಗೆ ಜಾಸ್ತಿ, ಕಿರುನಾಲಿಗೆ ಇನ್ನೊಂದು ಬದಿಗೆ ವಾಲಿದೆ, ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಟುಕೊಂಡು ಮಾತಾಡಿದಂತೆ ದನಿ ಬರುತ್ತಿದೆ ಎಂದರೆ ಟಾನ್ಸಿಲಿನ ಹಿಂದೆ ಕೀವು ಕಟ್ಟಿದೆ. ಅದನ್ನು ಸೂಜಿಯಿಂದಲೋ ಸೀಳಿಯೋ ತೆಗೆಯಬೇಕು, ಗುಳಿಗೆಯೊಂದರಿಂದಲೇ ಆಗುವ ಕೆಲಸವಲ್ಲ. ಜೊಲ್ಲು ಕೂಡ ನುಂಗಲಾಗದೆ ಸುರಿಯುತ್ತಿದ್ದರೆ, ಉಸಿರಾಡುವಾಗ ಸದ್ದು ಬರುತ್ತಿದ್ದರೆ, ಹನ್ನೆರಡು ಗಂಟೆ ಮೂತ್ರವೇ ಆಗದಿದ್ದರೆ ತಡ ಮಾಡಬಾರದು.

ಇನ್ನೊಂದು, ಗಂಟಲುಮಾರಿ (ಡಿಫ್ತೀರಿಯಾ). ಅದು ಹೋಯಿತು ಎಂದುಕೊಂಡಿದ್ದೇವೆ, ಪೂರ್ತಿ ಹೋಗಿಲ್ಲ. ಟಾನ್ಸಿಲ್ ಮೇಲೆ ಚುಕ್ಕೆಗಳ ಬದಲು ಬೂದು ಬಣ್ಣದ ಒಂದೇ ಪೊರೆ ಅಂಟಿಕೊಂಡಿದ್ದು, ತಾಕಿದರೆ ರಕ್ತ ಬರುತ್ತಿದ್ದರೆ, ಕುತ್ತಿಗೆ ಎತ್ತಿನ ಕುತ್ತಿಗೆಯಂತೆ ಊದಿದ್ದರೆ ಅದನ್ನು ಕೆರೆಯಲು ಹೋಗದೆ ದೊಡ್ಡ ಆಸ್ಪತ್ರೆಗೇ ಹೋಗಿ. 10 ಮತ್ತು 16ನೇ ವಯಸ್ಸಿನ ಟಿಡಿ (ಧನುರ್ವಾಯು, ಗಂಟಲುಮಾರಿ) ಲಸಿಕೆ ತಪ್ಪಿಸಿಕೊಂಡ ಮಕ್ಕಳಿರುವ ಮನೆಯವರು ಇದನ್ನು ನೆನಪಿಟ್ಟಿರಬೇಕು.

ಮನೆ ಆರೈಕೆ, ಅಳತೆ ಸಹಿತ

ಒಂದು ಲೋಟ, ಅಂದರೆ 200ರಿಂದ 250 ಮಿಲಿ ಉಗುರು ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು. ಜಾಸ್ತಿ ಹಾಕಿದರೆ ಗುಣ ಜಾಸ್ತಿ ಎಂದೇನಿಲ್ಲ, ಗಂಟಲು ಒಣಗಿ ಉರಿ ಹೆಚ್ಚುತ್ತದೆ. ತಲೆ ಹಿಂದಕ್ಕೆ ವಾಲಿಸಿ ಒಂದೊಂದು ಗುಕ್ಕನ್ನು ಇಪ್ಪತ್ತು ಮೂವತ್ತು ಸೆಕೆಂಡು ಗಳಗಳ ಎನ್ನಿಸಿ ಉಗುಳಿ. ಮೂರು ನಾಲ್ಕು ಗಂಟೆಗೊಮ್ಮೆ ಮಾಡಿದರೆ ಆರಾಮ ಸಿಗುತ್ತದೆ. ಇದು ಸೋಂಕನ್ನು ಕೊಲ್ಲುವುದಿಲ್ಲ, ನೋವು ಇಳಿಸುತ್ತದೆ. ಪೊವಿಡೋನ್ ಅಯೋಡಿನ್ ಗಾರ್ಗಲ್ ಬಳಸುವವರು ಸಮನಾಗಿ ನೀರು ಬೆರೆಸಬೇಕು, ನುಂಗಬಾರದು. ಥೈರಾಯ್ಡ್ ತೊಂದರೆ ಇದ್ದವರಿಗೆ ಉಪ್ಪುನೀರೇ ಲೇಸು.

ಪ್ಯಾರಸಿಟಮಾಲ್ 650 ಮಿಲಿಗ್ರಾಂ ಆರು ಗಂಟೆಗೊಂದು, ದಿನಕ್ಕೆ ನಾಲ್ಕು ಮೀರದಂತೆ. ಇದು ವಯಸ್ಕರ ಲೆಕ್ಕ. ಕುಡಿತದ ಅಭ್ಯಾಸ ಅಥವಾ ಲಿವರ್ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಮೋಸ ಹೋಗುವುದು ನೆಗಡಿ ಗುಳಿಗೆಯಲ್ಲಿ: ಅದರೊಳಗೂ ಸಾಮಾನ್ಯವಾಗಿ ಪ್ಯಾರಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿದವರು ಗೊತ್ತಿಲ್ಲದೆ ದುಪ್ಪಟ್ಟು ನುಂಗಿರುತ್ತಾರೆ. ಗುಳಿಗೆ ಪಟ್ಟಿಯ ಹಿಂಬದಿ ಓದಿ. ಐಬುಪ್ರೊಫೆನ್ ಗಂಟಲು ನೋವಿಗೆ ಒಳ್ಳೆಯದೇ, ಆದರೆ ಮಳೆಗಾಲದಲ್ಲಿ, ಬೀದಿಯಲ್ಲಿ ಡೆಂಗಿ ಇರುವಾಗ ಬೇಡ. ಡೆಂಗಿಯಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ, ಮೊದಲ ಎರಡು ದಿನ ಎರಡೂ ಜ್ವರ ಒಂದೇ ಥರ ಕಾಣಬಹುದು. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಊಟದ ಸಮಯಕ್ಕೆ ಮುಕ್ಕಾಲು ಗಂಟೆ ಮೊದಲು ಗುಳಿಗೆ ನುಂಗಿದರೆ ನಾಲ್ಕು ತುತ್ತು ಇಳಿಯುತ್ತದೆ. ಗಂಜಿ, ರಾಗಿ ಅಂಬಲಿ, ಹಾಲಲ್ಲಿ ನೆನೆಸಿದ ಇಡ್ಲಿ, ನುಣ್ಣಗೆ ಕಲಸಿದ ಮೊಸರನ್ನ. ಮೊಸರು ತಂಪು, ಗಂಟಲಿಗೆ ಆಗದು ಎಂಬ ಭಯ ಅನಗತ್ಯ. ತಣ್ಣಗಿನದು ಊದಿದ ಗಂಟಲಿಗೆ ಹಿತವೇ, ಐಸ್‌ಕ್ರೀಮೂ ಸೇರಿ. ಕಟಕ್ ರೊಟ್ಟಿ, ನಿಪ್ಪಟ್ಟು, ಖಾರದ ಉಪ್ಪಿನಕಾಯಿ ಒಂದು ವಾರ ದೂರ ಇರಲಿ. ಜೇನು ನೆಕ್ಕಬಹುದು, ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಕೊಡಬಾರದು.

"ಕಿರುನಾಲಿಗೆ ಬಿದ್ದಿದೆ" ಎಂದು ಬೆರಳಿಗೆ ಉಪ್ಪು, ಮೆಣಸು ಹಚ್ಚಿಕೊಂಡು ಅದನ್ನು ಎತ್ತುವ ಕೆಲಸ ಬೇಡ. ಅದು ಬಿದ್ದಿರುವುದಿಲ್ಲ, ಊದಿರುತ್ತದೆ. ಒತ್ತಿದರೆ ಗಾಯವಾಗುತ್ತದೆ. ಕುತ್ತಿಗೆಗೆ ಹೊರಗಿನಿಂದ ಸುಣ್ಣ ಹಚ್ಚುವುದೂ ಚರ್ಮ ಸುಡುತ್ತದೆಯೇ ಹೊರತು ಟಾನ್ಸಿಲ್‌ಗೆ ತಲುಪುವುದಿಲ್ಲ.

ಆಂಟಿಬಯಾಟಿಕ್ ವಿಷಯ

ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ದಿನದ ಅಜಿಥ್ರೋಮೈಸಿನ್ ತರುವುದು ನಮ್ಮಲ್ಲಿ ರೂಢಿಯೇ ಆಗಿದೆ. ವೈರಸ್ಸಾಗಿದ್ದರೆ ಅದರಿಂದ ಉಪಯೋಗವಿಲ್ಲ. ಸ್ಟ್ರೆಪ್ ಆಗಿದ್ದರೆ ಮೊದಲ ಆಯ್ಕೆ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್, ಪೂರ್ತಿ 10 ದಿನ. ಅಜಿಥ್ರೋಮೈಸಿನ್ ಪೆನಿಸಿಲಿನ್ ಅಲರ್ಜಿ ಇದ್ದವರಿಗೆ, ಅದೂ 5 ದಿನ. ಮೂರನೇ ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸಿದರೆ ಬ್ಯಾಕ್ಟೀರಿಯಾ ಉಳಿದುಕೊಳ್ಳಬಹುದು.

ಹತ್ತು ದಿನ ಯಾಕೆ ಎಂದರೆ, ನೋವು ಬೇಗ ಹೋಗಲಿ ಎಂದಲ್ಲ. ನೋವಿನ ಅವಧಿ ಆಂಟಿಬಯಾಟಿಕ್ಕಿನಿಂದ ಕಡಿಮೆಯಾಗುವುದು ಸರಾಸರಿ ಒಂದು ದಿನಕ್ಕಿಂತಲೂ ಕಮ್ಮಿ. ಕಾರಣ ರುಮ್ಯಾಟಿಕ್ ಜ್ವರ. ಗಂಟಲು ವಾಸಿಯಾಗಿ ಎರಡು ಮೂರು ವಾರದ ಮೇಲೆ ಕೀಲು ಊದುವ, ಹೃದಯದ ಕವಾಟ ಕೆಡಿಸುವ ಆ ಕಾಯಿಲೆ 5ರಿಂದ 15 ವರ್ಷದ ಮಕ್ಕಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಗಂಟಲು ನೋವು ಶುರುವಾದ ಒಂಬತ್ತು ದಿನದೊಳಗೆ ಔಷಧಿ ಶುರುವಾದರೆ ಅದನ್ನು ತಡೆಯಬಹುದು. ಹಾಗಾಗಿ ಸ್ವಾಬ್ ವರದಿಗೆ ಒಂದೆರಡು ದಿನ ಕಾಯುವುದರಿಂದ ನಷ್ಟವಿಲ್ಲ.

ಅಮಾಕ್ಸಿಸಿಲಿನ್ ಶುರುಮಾಡಿದ ಮೇಲೆ ಮೈತುಂಬ ಕೆಂಪು ಗಂಧೆ ಎದ್ದರೆ, ಅದರಲ್ಲೂ ಹದಿಹರೆಯದವರಲ್ಲಿ, ಗುಳಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಅಲರ್ಜಿ ಇರಬಹುದು, ಅಥವಾ ಟಾನ್ಸಿಲ್ ಊತಕ್ಕೆ ಕಾರಣ ಎಪ್‌ಸ್ಟೀನ್ ಬಾರ್ ವೈರಸ್ ಇರಬಹುದು. ಎರಡನೆಯದಾದರೆ ಗುಲ್ಮ ಊದಿಕೊಳ್ಳುವ ಸಂಭವ ಇರುವುದರಿಂದ ಕಬಡ್ಡಿ, ಭಾರ ಎತ್ತುವ ಕೆಲಸಕ್ಕೆ ಕನಿಷ್ಠ ಮೂರು ವಾರ ಬಿಡುವು.

ಈಗ ರಜೆ

ಜ್ವರ 100.4 ದಾಟಿದ್ದರೆ ರಜೆ, ಇದರಲ್ಲಿ ಚೌಕಾಸಿ ಇಲ್ಲ. ಗುಳಿಗೆಯ ಸಹಾಯವಿಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆ ಹೊರಡಿ. ಸ್ಟ್ರೆಪ್ ಎಂದು ವೈದ್ಯರು ಹೇಳಿದ್ದರೆ ಆಂಟಿಬಯಾಟಿಕ್ಕಿನ ಮೊದಲ ಗುಳಿಗೆಯಿಂದ 24 ಗಂಟೆ ಕಳೆಯುವ ತನಕ ಇತರರಿಗೆ ಅಂಟುವ ಸಂಭವ ಇರುತ್ತದೆ. ಔಷಧಿಯೇ ತೆಗೆದುಕೊಳ್ಳದಿದ್ದರೆ ಇದು ಎರಡು ಮೂರು ವಾರದವರೆಗೂ ಎಳೆಯಬಹುದು. ಆದ್ದರಿಂದ ಮೊದಲ ಗುಳಿಗೆ ಹಿಂದಿನ ರಾತ್ರಿಯೇ ಹೊಟ್ಟೆಗೆ ಬಿದ್ದರೆ ಒಂದು ದಿನದ ರಜೆ ಉಳಿದೀತು.

ಜ್ವರವಿಲ್ಲದಿದ್ದರೆ ಕೆಲಸ ಯಾವುದು ಎಂಬುದೇ ತೀರ್ಮಾನ. ಹೋಟೆಲ್ ಅಡುಗೆಮನೆ, ಬೇಕರಿಯವರು ಪೂರ್ತಿ ಮನೆಯಲ್ಲೇ ನಿಲ್ಲಬೇಕು, ಸ್ಟ್ರೆಪ್ ಆಹಾರದಿಂದಲೂ ಹರಡಿದ ಉದಾಹರಣೆಗಳಿವೆ. ಅಂಗನವಾಡಿ, ಶಾಲೆ, ಆಸ್ಪತ್ರೆಯವರೂ ಹಾಗೆಯೇ. ಕಾಲ್ ಸೆಂಟರಿನವರು ದನಿಯಿಂದಲೇ ದುಡಿಯುವವರು, ಜ್ವರವಿಲ್ಲದಿದ್ದರೂ ಒಂದು ದಿನ ಬಾಯಿಗೆ ರಜೆ ಬೇಕು. ಮನೆಯಿಂದಲೇ ಕೆಲಸ ಎಂದು ಹೆಡ್‌ಫೋನ್ ಹಾಕಿ ಆರು ಗಂಟೆ ಮೀಟಿಂಗಿನಲ್ಲಿ ಮಾತಾಡುವುದು ರಜೆಯಲ್ಲ. ಬಸ್, ಕ್ಯಾಬ್ ಓಡಿಸುವವರಿಗೆ ತೊಡಕು ಗಂಟಲಲ್ಲ, ನೆಗಡಿ ಗುಳಿಗೆಯ ತೂಕಡಿಕೆ. ಗಾರೆ ಕೆಲಸ, ಗಾರ್ಮೆಂಟ್ ಸೆಕೆಯಲ್ಲಿ ನೀರು ಕುಡಿಯಲಾಗದೆ ನಿಂತರೆ ತಲೆ ಸುತ್ತಿ ಬೀಳುವುದು ಖರೆ. ಮೇಜಿನ ಕೆಲಸದವರು, ಜ್ವರವಿಲ್ಲ, ನೀರು ಗಂಜಿ ಇಳಿಯುತ್ತಿದೆ ಎಂದರೆ ಮಾಸ್ಕ್ ಹಾಕಿ, ಲೋಟ ಬೇರೆ ಇಟ್ಟುಕೊಂಡು ಹೋಗಬಹುದು.

ರಜೆ ತಿಳಿಸುವುದು ಫೋನಿನಲ್ಲಿ ಬೇಡ, ದನಿಯನ್ನು ನಾಟಕ ಎಂದುಕೊಳ್ಳುವವರಿದ್ದಾರೆ. ಸಂದೇಶ ಕಳಿಸಿ: "ಟಾನ್ಸಿಲ್ ಸೋಂಕು, ಬೆಳಿಗ್ಗೆ ಜ್ವರ 101.2. ವೈದ್ಯರನ್ನು ಕಾಣುತ್ತಿದ್ದೇನೆ. ಇವತ್ತು, ನಾಳೆ ರಜೆ. ನಾಳೆ ಸಂಜೆ 6ಕ್ಕೆ ಮುಂದಿನದು ತಿಳಿಸುತ್ತೇನೆ. ಬಾಕಿ ಬಿಲ್ಲುಗಳು ಹಂಚಿಕೊಂಡ ಫೋಲ್ಡರಿನಲ್ಲಿವೆ." ವಿವರಣೆ ಇಷ್ಟು ಸಾಕು.

ಪ್ರಮಾಣಪತ್ರವನ್ನು ವೈದ್ಯರನ್ನು ಕಂಡ ದಿನವೇ ಬರೆಸಿಕೊಳ್ಳಿ, ಹಿಂದಿನ ತಾರೀಖು ಹಾಕಿ ಕೊಡಿ ಎಂದು ಆಮೇಲೆ ಕೇಳುವುದು ಇಬ್ಬರಿಗೂ ಕಷ್ಟ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯ ವ್ಯಾಪ್ತಿಗೆ ಬರುವವರಿಗೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ಕಾಯಿಲೆ ರಜೆ ಇದೆ. ಇಎಸ್‌ಐ ಇರುವವರಿಗೆ ಕಾಯಿಲೆ ಭತ್ಯೆ ಸಂಬಳದ 70 ಶೇಕಡಾ, ಆದರೆ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ಅಂದರೆ ಮೂರು ದಿನ ಮಲಗಿದರೆ ಕೈಗೆ ಬರುವುದು ಒಂದು ದಿನದ ಭತ್ಯೆ. ಹಿಂದಿನ ಸಲ ಭತ್ಯೆ ಪಡೆದ ಕಾಯಿಲೆ ಮುಗಿದ 15 ದಿನದೊಳಗೆ ಮತ್ತೆ ಬಿದ್ದರೆ ಮಾತ್ರ ಈ ಎರಡು ದಿನದ ಕಾಯುವಿಕೆ ಇರುವುದಿಲ್ಲ. ಪ್ರಮಾಣಪತ್ರ ಇಎಸ್‌ಐ ಚಿಕಿತ್ಸಾಲಯದಿಂದಲೇ ತಂದರೆ ಸುತ್ತಾಟ ಕಮ್ಮಿ.

ಪದೇ ಪದೇ ಬರುತ್ತಿದ್ದರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪ್ರತಿ ಸಲದ ಜ್ವರ ಮತ್ತು ವೈದ್ಯರ ಚೀಟಿಯನ್ನೂ ಸೇರಿಸಿ. ಒಂದೇ ವರ್ಷದಲ್ಲಿ ಏಳು ಸಲ, ಇಲ್ಲವೇ ಎರಡು ವರ್ಷ ವರ್ಷಕ್ಕೆ ಐದು, ಇಲ್ಲವೇ ಮೂರು ವರ್ಷ ವರ್ಷಕ್ಕೆ ಮೂರು ಸಲ ಬಂದಿದ್ದರೆ ಟಾನ್ಸಿಲ್ ತೆಗೆಸುವ ಮಾತು ಇಎನ್‌ಟಿ ವೈದ್ಯರ ಹತ್ತಿರ ಆಡಬಹುದು. ಬಾಯಿಮಾತಿನ ಲೆಕ್ಕಕ್ಕೆ ಅವರು ಒಪ್ಪುವುದು ಕಷ್ಟ. ಆ ಶಸ್ತ್ರಚಿಕಿತ್ಸೆಗೆ ಹತ್ತರಿಂದ ಹದಿನಾಲ್ಕು ದಿನದ ರಜೆ ಒಟ್ಟಿಗೇ ಬೇಕು. ಐದನೇ ದಿನದಿಂದ ಹತ್ತನೇ ದಿನದವರೆಗೆ ಗಾಯದ ಪೊರೆ ಕಳಚುವಾಗ ರಕ್ತ ಬರುವ ಸಂಭವ ಇರುವುದರಿಂದ, ಆ ವಾರ ಊರಿಗೆ ಹೋಗುವ ಟಿಕೆಟ್ ಮಾಡಿಸಬೇಡಿ.