ಹಾರಂಗಿ ಹಿನ್ನೀರಿನ ನನ್ನ ಹಾಯಿದೋಣಿಗೆ ಬ್ಯಾಟರಿ ಆರಿಸಿದ್ದು, ಕೂರಿಸಿದ್ದು

ಸಣ್ಣ ಹಾಯಿದೋಣಿಗೆ ಬ್ಯಾಟರಿ ಹುಡುಕುವವರು ಮೊದಲು ಎಷ್ಟು ಆಂಪ್ ಅವರ್ (ಎಷ್ಟು ಆಂಪ್ ಕರೆಂಟನ್ನು ಎಷ್ಟು ಗಂಟೆ ಕೊಡುತ್ತದೆ ಅನ್ನುವ ಅಳತೆ) ಬೇಕು ಅಂತ ಕೇಳುತ್ತಾರೆ. ಎಷ್ಟು ಕೆಜಿ, ಎಲ್ಲಿ ಇಡೋದು ಅನ್ನೋದು ಆಮೇಲೆ ನೆನಪಾಗುತ್ತದೆ. ನನ್ನ ಪ್ರಕಾರ ಇವೆಲ್ಲ ಒಂದೇ ಪ್ರಶ್ನೆ. ನನ್ನ ದೋಣಿ 17 ಅಡಿ ಉದ್ದ. ಇಬ್ಬರು ಮಲಗುವಷ್ಟು ಕ್ಯಾಬಿನ್ ಇದೆ, ನಡುವೆ, ದೋಣಿ ಅಡ್ಡಕ್ಕೆ ಜಾರದಂತೆ ತಡೆಯುವ, ಎತ್ತಿ ಇಳಿಸುವ ಹಲಗೆ, ಅಂದರೆ ಸೆಂಟರ್‌ಬೋರ್ಡ್ ಇದೆ. ಕೂತವರು ಈ ಬದಿಯಿಂದ ಆ ಬದಿಗೆ ಜರುಗಿದರೂ ದೋಣಿ ಆ ಕಡೆ ವಾಲುತ್ತದೆ. ಇಂಥದ್ದರಲ್ಲಿ 30 ಕೆಜಿ ಎಲ್ಲೋ ಒಂದು ಮೂಲೆಯಲ್ಲಿ ಇಟ್ಟರೆ ಅದು ಹಾಯಿ ಬಿಚ್ಚಿದ ಕ್ಷಣದಿಂದಲೇ ಗೊತ್ತಾಗುತ್ತದೆ.

ಬ್ಯಾಟರಿ ಯಾಕೆ ಬೇಕು ಅಂದರೆ, ಮುಖ್ಯವಾಗಿ ಮೋಟರಿಗೆ. ಕೊಡಗಿನ ಹಾರಂಗಿ ಅಣೆಕಟ್ಟಿನ, ಸುತ್ತ ಬೆಟ್ಟ ಇರುವ ನೀರು ಇದು, ಸಂಜೆ ಹೊತ್ತಿಗೆ ಗಾಳಿ ದಿಢೀರ್ ಅಂತ ನಿಂತುಬಿಡುತ್ತದೆ. ದಡ ಸೇರೋಕೆ ಏನಾದರೂ ಇರಲೇಬೇಕು. ಕುಡಿಯೋಕೆ, ಗದ್ದೆಗೆ ಹೋಗುವ ನೀರಿನಲ್ಲಿ ಪೆಟ್ರೋಲ್ ಎಂಜಿನ್ ಇಡೋಕೆ ನನಗೆ ಮನಸ್ಸಿಲ್ಲ. ಹಾಗಾಗಿ 12 ವೋಲ್ಟಿನ ಸಣ್ಣ ಟ್ರೋಲಿಂಗ್ ಮೋಟರ್ ಹಿಂದುಗಡೆ ಹಾಕಿಕೊಂಡಿದ್ದೇನೆ. ಅಣೆಕಟ್ಟಿನ ನೀರಿಗೆ ದೋಣಿ ಇಳಿಸುವ ಮುಂಚೆ ಅನುಮತಿ ವಿಚಾರ ನೋಡಿಕೊಳ್ಳಿ, ಅದು ಬೇರೆ ಕಥೆ.

ಲೆಕ್ಕ ಹೀಗೆ ಹಾಕಿದೆ. ಮೋಟರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪ್ ಎಳೆಯುತ್ತದೆ. ಅರ್ಧ ವೇಗಕ್ಕೆ ಇಳಿಸಿದರೆ ಅರ್ಧ ಅಲ್ಲ, ಅದಕ್ಕಿಂತ ತುಂಬಾ ಕಡಿಮೆ ಸಾಕು, ಯಾಕೆಂದರೆ ವೇಗ ಹೆಚ್ಚಿಸಿದಷ್ಟೂ ನೀರಿನ ತಡೆ ಅದಕ್ಕಿಂತ ಜೋರಾಗಿ ಏರುತ್ತದೆ. ನಾನು 20ರಿಂದ 25 ಆಂಪಿನಲ್ಲೇ ಬರುತ್ತೇನೆ. ಒಂದು ಗಂಟೆಗೆ 25 ಆಂಪ್ ಅವರ್ ಅಂತ ಇಟ್ಟುಕೊಳ್ಳಿ. ರಾತ್ರಿ ಅಲ್ಲೇ ಲಂಗರು ಹಾಕಿದರೆ ಕಂಬದ ಮೇಲಿನ ಎಲ್‌ಇಡಿ ದೀಪ, ಒಳಗಿನ ಎರಡು ದೀಪ, ಫೋನ್ ಚಾರ್ಜ್, ನೀರೆತ್ತುವ ಪಂಪು ಸ್ವಲ್ಪ ಹೊತ್ತು, ಎಲ್ಲ ಸೇರಿ 10 ಆಂಪ್ ಅವರ್ ದಾಟಲ್ಲ. ಎರಡು ದಿನಕ್ಕೆ 60, 70 ಅಂದರೆ ಧಾರಾಳ.

ಈಗ ನಮ್ಮ ಕಡೆ ಎಲ್ಲರ ಮನೆಯಲ್ಲೂ ಇನ್ವರ್ಟರ್ ಇದೆ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದರೆ ಅದೇ ಗತಿ. ಅಂಗಡಿಗೆ ಹೋದಾಗಲೂ ಅದೇ ಮಾತು ಬಂತು. 'ಅಣ್ಣಾ, ಟ್ಯೂಬುಲರ್ ಹಾಕಿಬಿಡಿ, ವರ್ಷಗಟ್ಟಲೆ ತಿರುಗಿ ನೋಡೋದು ಬೇಡ' ಅಂದ ಹುಡುಗ. ಮನೆಗೆ ಆ ಬ್ಯಾಟರಿ ಸರಿ. ದೋಣಿಗೆ ಬೇಡ. 150 ಆಂಪ್ ಅವರಿನ ಎತ್ತರದ ಟ್ಯೂಬುಲರ್ ಬ್ಯಾಟರಿ 50 ಕೆಜಿಗಿಂತ ಮೇಲೆ ತೂಗುತ್ತದೆ, ಒಳಗೆ ಆಸಿಡ್ ನೀರು ತುಳುಕುತ್ತಿರುತ್ತದೆ. ಹಾಯಿದೋಣಿ ಓಡುವಾಗ 20, 25 ಡಿಗ್ರಿ ವಾಲುವುದು ಮಾಮೂಲಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಗಾಳಿಯಲ್ಲಿ ಶೇಕಡಾ 4ರಷ್ಟು ಸೇರಿದರೂ ಒಂದು ಕಿಡಿ ಸಾಕು. ನಾವು ಮಲಗುವ ಪುಟ್ಟ ಕ್ಯಾಬಿನ್ನಿನಲ್ಲಿ ಅದು ಖಂಡಿತಾ ಬೇಡ.

ಕಾರಿನ ಬ್ಯಾಟರಿಯೂ ಆಗಲ್ಲ. ಅದು ಒಂದೆರಡು ಸೆಕೆಂಡ್ ಜೋರಾಗಿ ಕೊಟ್ಟು ಸುಮ್ನಾಗೋಕೆ ಮಾಡಿದ್ದು. ನಿಧಾನವಾಗಿ ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬೇಗ ಸಾಯುತ್ತದೆ.

ಉಳಿದದ್ದು ಎರಡು. ಆಸಿಡ್ಡನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿ ಮುಚ್ಚಿದ ಎಜಿಎಂ ಸೀಸದ ಬ್ಯಾಟರಿ, ಇಲ್ಲವೇ ಲಿಥಿಯಂ ಬ್ಯಾಟರಿಯಲ್ಲೇ ಒಂದು ಬಗೆಯಾದ ಲಿಥಿಯಂ ಐರನ್ ಫಾಸ್ಫೇಟ್. ಎಜಿಎಂ ಚೆಲ್ಲಲ್ಲ, ಬೆಲೆಯೂ ಕಡಿಮೆ. ಆದರೆ 100 ಆಂಪ್ ಅವರಿಗೆ ಸುಮಾರು 30 ಕೆಜಿ, ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡಿದರೆ ಆಯುಸ್ಸು ಕಡಿಮೆಯಾಗುತ್ತದೆ. ಅಂದರೆ ನನ್ನ ಲೆಕ್ಕಕ್ಕೆ ಅಂಥವು ಎರಡು ಬೇಕು. ಲಿಥಿಯಂ ಐರನ್ ಫಾಸ್ಫೇಟ್ 100 ಆಂಪ್ ಅವರಿಗೆ 12 ಕೆಜಿ ಆಸುಪಾಸು, 80 ಆಂಪ್ ಅವರ್ ನೆಮ್ಮದಿಯಾಗಿ ಬಳಸಬಹುದು.

ತೂಕಕ್ಕಿಂತ ನನ್ನನ್ನು ಒಪ್ಪಿಸಿದ್ದು ಇನ್ನೊಂದು ವಿಚಾರ. ಸೀಸದ ಬ್ಯಾಟರಿಯನ್ನು ಅರ್ಧ ಖಾಲಿ ಮಾಡಿ ಹಾಗೇ ಬಿಟ್ಟರೆ ಒಳಗಿನ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಶಕ್ತಿ ಬರಲ್ಲ. ಅದನ್ನು ಪ್ರತಿ ಸಲ ಪೂರ್ತಿ ತುಂಬಿಸಿ ಇಡಬೇಕು. ಕಾಫಿ ತೋಟದವರಿಗೆ ಅದು ಆಗುವ ಮಾತಾ? ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ತನಕ ಬಿಡುವು ಸಿಕ್ಕಾಗ ಮಾತ್ರ ದೋಣಿ, ನಡುವೆ ವಾರಗಟ್ಟಲೆ ಆ ಕಡೆ ತಲೆ ಹಾಕೋಕೂ ಆಗಲ್ಲ. ಲಿಥಿಯಂ ಐರನ್ ಫಾಸ್ಫೇಟಿಗೆ ಅರ್ಧ ಚಾರ್ಜಿನಲ್ಲಿ ಕೂತಿರುವುದೇ ಆರಾಮ. ಕೊಡಗಿನವರ ದುಡಿಮೆಗೆ ಹೊಂದುವ ಬ್ಯಾಟರಿ ಇದೇ ಅಂತ ನನಗೆ ಅನ್ನಿಸಿತು.

ಕೊಳ್ಳುವಾಗ ನೋಡಬೇಕಾದ್ದು ಒಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್. ಹೊರಗೆ 100 ಆಂಪ್ ಅವರ್ ಅಂತ ಬರೆದಿದ್ದರೂ ಕೆಲವು ಅಗ್ಗದವುಗಳಲ್ಲಿ ಬಿಎಂಎಸ್ 50 ಆಂಪಿನದೇ ಇರುತ್ತದೆ. ನನ್ನ ಮೋಟರ್ ಅಷ್ಟೂ ಎಳೆಯುತ್ತದಲ್ವಾ, ಅಂಚಿನಲ್ಲಿ ನಿಲ್ಲುವುದು ಬೇಡ ಅಂತ ನಿರಂತರ 100 ಆಂಪ್ ಕೊಡುವುದನ್ನೇ ತಗೊಂಡೆ. ಬಿಎಂಎಸ್ ಮಿತಿ ಮೀರಿದರೆ ಮುನ್ಸೂಚನೆ ಇಲ್ಲದೆ ಪೂರ್ತಿ ಕಟ್ ಮಾಡುತ್ತದೆ. ಮೋಟರೂ ಹೋಯಿತು, ದೀಪವೂ ಹೋಯಿತು. ಅದಕ್ಕೇ ಲಂಗರು ದೀಪಕ್ಕೆ ಬೇರೆಯೇ ಒಂದು 7 ಆಂಪ್ ಅವರಿನ ಯುಪಿಎಸ್ ಬ್ಯಾಟರಿ ಇಟ್ಟಿದ್ದೇನೆ. ಎರಡು ಕೆಜಿ ಚಿಲ್ಲರೆ ತೂಕ, ಎಲ್ಲ ಕಂಪ್ಯೂಟರ್ ಅಂಗಡಿಯಲ್ಲೂ ಸಿಗುತ್ತದೆ. ಇದನ್ನು ಲಿಥಿಯಂ ಜೊತೆ ಜೋಡಿಸಬೇಡಿ. ಇದು ಸೀಸದ್ದು, ಎರಡರ ಚಾರ್ಜಿಂಗ್ ರೀತಿ ಬೇರೆ. ಇದನ್ನು ನಾನು ಮನೆಯಲ್ಲೇ ಚಾರ್ಜ್ ಮಾಡಿ ತರುತ್ತೇನೆ. ಹುಟ್ಟು ಅಂತೂ ದೋಣಿಯಲ್ಲಿ ಯಾವಾಗಲೂ ಇರುತ್ತದೆ.

ಇನ್ನು ಜಾಗ. ಮೋಟರ್ ಹಿಂದೆ ಇದೆ, ಹಾಗಾಗಿ ಬ್ಯಾಟರಿಯನ್ನೂ ಹಿಂದೆಯೇ ಇಟ್ಟರೆ ತಂತಿ ಉಳಿಯುತ್ತದೆ ಅಂತ ವೈರಿಂಗ್ ಮಾಡುವವರು ಹೇಳಿದರು. ನಮ್ಮ ಭಾವ ನೌಕಾಪಡೆಯಲ್ಲಿದ್ದವರು, ಅವರು ಒಪ್ಪಲಿಲ್ಲ. 'ಹಿಂದೆ ನೀನು ಕೂರ್ತೀಯ, ಮೋಟರ್ ಇದೆ, ಇನ್ನು ಬ್ಯಾಟರಿ ಬೇರೆ ಯಾಕೋ? ನಡುವೆ ಇಡು, ತಳದಲ್ಲಿ ಇಡು' ಅಂದರು. ಭಾರ ತುದಿಗಳಲ್ಲಿದ್ದರೆ ಅಲೆಗೆ ದೋಣಿ ಮುಂದೆ ಹಿಂದೆ ತೂಗುವುದು ಜಾಸ್ತಿ, ಮೇಲಿದ್ದರೆ ವಾಲಿದಾಗ ಎದ್ದು ನಿಲ್ಲುವುದು ಕಷ್ಟ. ಹಾಗಾಗಿ ಸೆಂಟರ್‌ಬೋರ್ಡ್ ಗೂಡಿನ ಹಿಂಬದಿಗೆ ತಾಗಿಸಿ, ನೆಲದ ಮಟ್ಟದಲ್ಲಿ, ಸರಿಯಾಗಿ ನಡುಗೆರೆಯ ಮೇಲೆ ಕೂರಿಸಿದೆ.

ಅಲ್ಲಿಂದ ಮೋಟರಿಗೆ 3 ಮೀಟರ್. ಹೋಗಿ ಬರುವ ತಂತಿ ಸೇರಿ 6 ಮೀಟರ್. 10 ಸ್ಕ್ವೇರ್ ಎಂಎಂ ತಾಮ್ರದ ತಂತಿಯಲ್ಲಿ 50 ಆಂಪ್ ಹರಿದರೆ ಅರ್ಧ ವೋಲ್ಟಿಗಿಂತ ಸ್ವಲ್ಪ ಜಾಸ್ತಿ ದಾರಿಯಲ್ಲೇ ಬಿಸಿಯಾಗಿ ಹೋಗುತ್ತದೆ. 25 ಸ್ಕ್ವೇರ್ ಎಂಎಂ ಹಾಕಿದರೆ ಕಾಲು ವೋಲ್ಟಿಗಿಂತ ಕಡಿಮೆ. 12 ವೋಲ್ಟಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ದಪ್ಪ ತಂತಿಗೆ ಕೊಟ್ಟ ದುಡ್ಡು, ಬ್ಯಾಟರಿ ನಡುವೆ ಇಟ್ಟಿದ್ದಕ್ಕೆ ತೆತ್ತ ಬೆಲೆ ಅಂತ ಸಂತೋಷವಾಗಿಯೇ ಕೊಟ್ಟೆ. ತವರ ಲೇಪಿಸಿದ ತಂತಿಯನ್ನೇ ಹಾಕಿ. ನಮ್ಮ ಮಳೆಗಾಲದ ತೇವಕ್ಕೆ ಬರೀ ತಾಮ್ರದ ಎಳೆ ಹಸಿರುಗಟ್ಟುತ್ತದೆ, ಅದು ಪ್ಲಾಸ್ಟಿಕ್ಕಿನ ಒಳಗೇ ಹಬ್ಬಿಕೊಂಡು ಹೋಗುತ್ತದೆ, ಹೊರಗೆ ಕಾಣುವುದೇ ಇಲ್ಲ.

ಪೆಟ್ಟಿಗೆ ನಾನೇ ಮಾಡಿದೆ. ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟಿದೆ, ಆದರೆ ನೀರು ತಡೆಯುವ ಮರ ಅಲ್ಲ ಅದು. 12 ಎಂಎಂ ದಪ್ಪದ, ಐಎಸ್ 710 ಗುರುತಿನ ಮರೀನ್ ಪ್ಲೈವುಡ್ ತಂದು ಕೊಯ್ಯಿಸಿದೆ. ಒಳಗೂ ಹೊರಗೂ ಎಪಾಕ್ಸಿ ಬಳಿದೆ. ಕೊಯ್ದ ಅಂಚುಗಳಿಗೆ ಮಾತ್ರ ಅದು ಕುಡಿಯುವಷ್ಟು ಕುಡಿಯಲಿ ಅಂತ ಮತ್ತೆ ಮತ್ತೆ ಬಳಿದೆ, ನೀರು ನುಗ್ಗುವುದು ಅಲ್ಲಿಂದಲೇ. ಮೂಲೆಗಳಿಗೆ ಗಾಜಿನ ಬಟ್ಟೆ ಹಚ್ಚಿದೆ. ತಳಕ್ಕೆ 3 ಸೆಂಟಿಮೀಟರ್ ಎತ್ತರದ ಎರಡು ಪಟ್ಟಿ, ದೋಣಿ ತಳದಲ್ಲಿ ನಿಂತ ನೀರು ಕೆಳಗಿಂದಲೇ ಹರಿದು ಹೋಗಲಿ ಅಂತ. ಬ್ಯಾಟರಿ ಸುತ್ತ ಒಂದು ಬೆರಳು ಜಾಗ ಬಿಟ್ಟು ರಬ್ಬರ್ ತುಂಡು ಕೊಟ್ಟೆ. ಮುಚ್ಚಳ ಗಾಳಿಯಾಡುವಂತೆ ಸ್ವಲ್ಪ ಎತ್ತರಿಸಿ ಕೂರಿಸಿದೆ. ಲಿಥಿಯಂ ಐರನ್ ಫಾಸ್ಫೇಟ್ ದಿನವೂ ಹೈಡ್ರೋಜನ್ ಬಿಡುವಂಥದ್ದಲ್ಲ, ಆದರೂ ಮಾರ್ಚ್ ಬಿಸಿಲಿಗೆ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಕಾಯುತ್ತದೆ. ಬಿಸಿಯಲ್ಲೇ ಇದ್ದರೆ ಸೆಲ್‌ಗಳು ಬೇಗ ಮುದಿಯಾಗುತ್ತವೆ.

ದೋಣಿ ಕಟ್ಟುವವರಿಗೆ ಅಮೆರಿಕದಲ್ಲಿ ಎಬಿವೈಸಿ ಅನ್ನುವ ಸಂಸ್ಥೆಯ ನಿಯಮಗಳಿವೆ. ಬ್ಯಾಟರಿ ಯಾವ ದಿಕ್ಕಿಗೂ ಒಂದು ಇಂಚಿಗಿಂತ ಜಾಸ್ತಿ ಅಲುಗಬಾರದು ಅನ್ನುವುದು ಅದರಲ್ಲಿ ಒಂದು. ಒಳ್ಳೆ ನಿಯಮ. ನಾನು 50 ಎಂಎಂ ಅಗಲದ ಪಾಲಿಯೆಸ್ಟರ್ ಬೆಲ್ಟ್ ಎರಡು ಹಾಕಿದೆ. ಅದರ ಕೊಕ್ಕೆಗಳಿಗೆ ಸ್ಕ್ರೂ ಅಲ್ಲ, ಹಲಗೆ ತೂರಿ ಆಚೆ ಬರುವ ಸ್ಟೀಲ್ ಬೋಲ್ಟು, ಹಿಂದೆ ಅಗಲದ ವಾಷರ್. ದೋಣಿಯಲ್ಲಿ ಕೂರಿಸುವ ಮುಂಚೆ ಬ್ಯಾಟರಿ ಒಳಗಿಟ್ಟು ಬೆಲ್ಟ್ ಬಿಗಿದು, ನಾನು, ಭಾವ ಇಬ್ಬರೂ ಪೆಟ್ಟಿಗೆಯನ್ನು ಅಂಗಳದಲ್ಲಿ ಬುಡಮೇಲು ಹಿಡಿದು ಅಲ್ಲಾಡಿಸಿ ನೋಡಿದೆವು. ಅಲುಗಲಿಲ್ಲ. ದೋಣಿ ಮಗುಚಿದರೆ 12 ಕೆಜಿ ಗಟ್ಟಿ ಡಬ್ಬ ಕ್ಯಾಬಿನ್ನಿನಲ್ಲಿ ಹಾರಾಡಬಾರದು.

ಪಾಸಿಟಿವ್ ಟರ್ಮಿನಲ್ಲಿನಿಂದ 7 ಇಂಚಿನ ಒಳಗೇ ಫ್ಯೂಸ್ ಇದೆ. ಟರ್ಮಿನಲ್ಲಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ಕಾವಲೂ ಇಲ್ಲ, ಅದು ಎಷ್ಟು ಗಿಡ್ಡ ಇದ್ದರೆ ಅಷ್ಟು ಒಳ್ಳೆಯದು. ಲಿಥಿಯಂ ಶಾರ್ಟ್ ಆದರೆ ಒಮ್ಮೆಗೇ ಸಾವಿರಗಟ್ಟಲೆ ಆಂಪ್ ನುಗ್ಗಬಹುದು. ಅಷ್ಟನ್ನು ಕಡಿಯುವ ತಾಕತ್ತು ಸಾಮಾನ್ಯ ಕಾರಿನ ಫ್ಯೂಸಿಗೆ ಇಲ್ಲ, ಕರಗಿದ ಮೇಲೂ ನಡುವೆ ಕಿಡಿ ಉರಿಯುತ್ತಲೇ ಇರುತ್ತದೆ. ಅದಕ್ಕೆ ಕ್ಲಾಸ್ ಟಿ ಫ್ಯೂಸ್. ನಮ್ಮ ಕುಶಾಲನಗರದಲ್ಲಿ ಸಿಗಲಿಲ್ಲ, ಹೊರಗಿಂದ ತರಿಸಿದೆ. ಮೋಟರಿನ ದಾರಿಗೆ ಬೇರೆ 60 ಆಂಪಿನ ಬ್ರೇಕರ್. ಎರಡೂ ಟರ್ಮಿನಲ್ಲಿಗೆ ರಬ್ಬರ್ ಟೋಪಿ. ಸ್ಪ್ಯಾನರ್ ಕೈ ಜಾರಿ ಅಡ್ಡ ಬೀಳುವುದು ಹೇಳಿ ಕೇಳಿ ಆಗಲ್ಲ.

ಲಿಥಿಯಂ ಐರನ್ ಫಾಸ್ಫೇಟಿನಲ್ಲಿ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕೆ ಆಗಲ್ಲ. ಹೆಚ್ಚುಕಡಿಮೆ ತುಂಬಿದ್ದರೂ, ಅರ್ಧ ಇದ್ದರೂ ಮೀಟರ್ 13.1, 13.3ರ ಸುತ್ತಲೇ ಇರುತ್ತದೆ. ನೆಗೆಟಿವ್ ಕಡೆ ಷಂಟ್, ಅಂದರೆ ಹರಿಯುವ ಕರೆಂಟ್ ಅಳೆಯೋಕೆ ನಡುವೆ ಕೂರಿಸುವ ಲೋಹದ ತುಂಡು ಹಾಕಿ, ಹೋದ ಬಂದ ಆಂಪನ್ನು ಎಣಿಸುವ ಮೀಟರ್ ಇಟ್ಟುಕೊಳ್ಳಿ.

ಸೋಲಾರ್ 50 ವ್ಯಾಟಿನದು. ಡಿಸೆಂಬರ್‌ನಲ್ಲಿ ಮಂಜು ಕರಗಿ ಬಿಸಿಲು ಬರುವಷ್ಟರಲ್ಲಿ ಬೆಳಗ್ಗೆ ಅರ್ಧ ಮುಗಿದಿರುತ್ತದೆ, ಆದರೂ ಒಳ್ಳೆ ದಿನಕ್ಕೆ 12 ಆಂಪ್ ಅವರಿನ ಹತ್ತಿರ ಬರುತ್ತದೆ. ಪ್ಯಾನೆಲ್ಲಿನ ಮೇಲೆ ಹಾಯಿಯ ನೆರಳು ಬಿದ್ದರೆ ಅದೂ ಇಲ್ಲ. ಕಂಟ್ರೋಲರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇರಲೇಬೇಕು. ನಾನು 14.2 ವೋಲ್ಟಿಗೆ ನಿಲ್ಲಿಸಿದ್ದೇನೆ. ಸೀಸದ ಬ್ಯಾಟರಿಗೆ ಬೇಕಂತಲೇ ವೋಲ್ಟ್ ಏರಿಸಿ ಮಾಡುವ ಈಕ್ವಲೈಜ್ ಚಾರ್ಜ್ ಆಫ್ ಇರಬೇಕು.

ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 2859 ಅಡಿಗೆ ನಿಲ್ಲುತ್ತದೆ. ನಾಲೆಗೆ ಬಿಡುತ್ತಾ ಹೋದ ಹಾಗೆ ದಡ ಹಿಂದೆ ಸರಿಯುತ್ತದೆ. ಫೆಬ್ರವರಿ ಹೊತ್ತಿಗೆ ಜೀಪ್ ನಿಲ್ಲಿಸುವ ಜಾಗಕ್ಕೂ ದೋಣಿಗೂ ನಡುವೆ ಉದ್ದಕ್ಕೆ ಕೆಸರು. ಬ್ಯಾಟರಿಯನ್ನು ಒಂದು ಕೈಯಲ್ಲಿ ಹಿಡಿದು ಆ ಕೆಸರು ದಾಟಬಹುದು ಅನ್ನುವುದು ಅಂಗಡಿಯ ಯಾವ ಕಾಗದದಲ್ಲೂ ಬರೆದಿರಲ್ಲ, ನನಗೆ ಮಾತ್ರ ಅದು ದೊಡ್ಡ ಅನುಕೂಲ. ಅದಕ್ಕೇ ತಂತಿಗಳನ್ನು ನೇರ ಬಿಗಿಯದೆ, ಕೈಯಲ್ಲೇ ಎಳೆದು ತೆಗೆಯುವ ದಪ್ಪ ಕನೆಕ್ಟರ್ ಹಾಕಿದ್ದೇನೆ, ಫ್ಯೂಸ್ ಅದಕ್ಕಿಂತ ಮುಂಚೆ, ಬ್ಯಾಟರಿ ಬದಿಯಲ್ಲೇ ಇರುತ್ತದೆ.

ಜೂನ್ ಮಳೆ ಹಿಡಿಯುವ ಮುಂಚೆ ದೋಣಿ ಟ್ರೇಲರ್ ಮೇಲೆ ಶೆಡ್ಡಿಗೆ ಬರುತ್ತದೆ, ಬ್ಯಾಟರಿ ಮನೆಯೊಳಗೆ. ಅರ್ಧಕ್ಕಿಂತ ತುಸು ಮೇಲೆ, 60 ಶೇಕಡಾ ಹತ್ತಿರ ಚಾರ್ಜ್ ಇಟ್ಟು, ಷಂಟಿನ ಮೀಟರನ್ನೂ ಕಳಚಿ ಎತ್ತಿಡುತ್ತೇನೆ, ಇಲ್ಲದಿದ್ದರೆ ಅದೇ ದಿನವೂ ಚೂರು ಚೂರು ತಿನ್ನುತ್ತಿರುತ್ತದೆ. ಖಾಲಿ ಪೆಟ್ಟಿಗೆಯ ಮುಚ್ಚಳ ತೆಗೆದೇ ಬಿಡುತ್ತೇನೆ, ಬೂಷ್ಟು ಹಿಡಿಯದಿರಲಿ ಅಂತ. ಅಕ್ಟೋಬರ್‌ನಲ್ಲಿ ಪೂರ್ತಿ ಒಮ್ಮೆ ಚಾರ್ಜ್ ಮಾಡಿ, ಮೀಟರಿಗೆ ಅದನ್ನೇ 100 ಅಂತ ಹೇಳಿಕೊಟ್ಟು, ತಂತಿ ತುದಿಯ ಲಗ್ಗುಗಳ ಬೋಲ್ಟ್ ಒಂದೊಂದೇ ಬಿಗಿದು, ಟರ್ಮಿನಲ್ಲಿಗೆ ತೆಳುವಾಗಿ ವ್ಯಾಸಲೀನ್ ಹಚ್ಚಿ ಮತ್ತೆ ಬೆಲ್ಟ್ ಕಟ್ಟುತ್ತೇನೆ.