ಫರ್ನಿಚರ್ ತರಲು ಜೋಧಪುರ, ನಿಲಂಬೂರಿಗೆ ಹೋಗಬೇಕಾ? ಹೊರಡುವ ಮುನ್ನ ಹೀಗೆ ಲೆಕ್ಕ ಹಾಕಿ

ಹೊಸ ಮನೆಗೆ ಬಣ್ಣ ಬಳಿದು ಮುಗಿಯುವ ಹೊತ್ತಿಗೆ ಈ ಮಾತು ಶುರುವಾಗುತ್ತದೆ. ‘ಶೋರೂಮಿನಲ್ಲಿ ಸಿಕ್ಕಾಪಟ್ಟೆ ರೇಟು. ನಮ್ಮ ಪರಿಚಯದವರು ಸೀದಾ ಜೋಧಪುರಕ್ಕೇ ಹೋಗಿ ಇಡೀ ಮನೆಯ ಸಾಮಾನು ತಂದರಂತೆ.’ ಪಕ್ಕದಲ್ಲಿದ್ದವರು ಕೇರಳದ ನಿಲಂಬೂರಿನ ಹೆಸರು ಹೇಳುತ್ತಾರೆ. ಮಾಡುವವರ ಹತ್ತಿರವೇ ಕೊಂಡರೆ ನಡುವಿನವರ ಲಾಭ ನಮಗೆ ಉಳಿಯುತ್ತದೆ ಎನ್ನುವ ಲೆಕ್ಕ ಇದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಪಾಲಿಷ್ ಆಗಿ ನಿಂತಿರುವ ರೆಡಿ ಮಾಲು ಕೊಳ್ಳುವುದಾದರೆ ಅಷ್ಟು ದೂರ ಹೋಗಬೇಡಿ. ಬಣ್ಣ, ಪಾಲಿಷ್ ಬೀಳುವ ಮೊದಲೇ ಮರವನ್ನು ಕಣ್ಣಾರೆ ನೋಡಿ, ನಿಮ್ಮ ಅಳತೆಗೆ ಮಾಡಿಸಿಕೊಳ್ಳುವುದಾದರೆ ಖಂಡಿತ ಹೋಗಿ. ಕಾರ್ಖಾನೆಗೆ ಹೋದವರಿಗೆ ಸಿಗುವ ನಿಜವಾದ ಲಾಭ ಅದೊಂದೇ. ಉಳಿದದ್ದನ್ನೆಲ್ಲ ಫೋನಿನಲ್ಲೇ ಮುಗಿಸಬಹುದು.

1. ಮನೆ ಅಳೆಯಿರಿ, ಹಾಸಿಗೆ ನಿರ್ಧರಿಸಿ

ಬೇಕಾದ ಸಾಮಾನಿನ ಪಟ್ಟಿ ಬರೆದು, ಒಂದೊಂದೂ ಕೂರುವ ಜಾಗದ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಮುಂಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟಿನ ಒಳಗಿನ ಅಳತೆಯೂ ಬೇಕು. ಮಂಚಕ್ಕಿಂತ ಮೊದಲು ಹಾಸಿಗೆ ಯಾವುದೆಂದು ತೀರ್ಮಾನವಾಗಲಿ. ಅಂಗಡಿಯಲ್ಲಿ ಸಿಗುವ ಕಿಂಗ್ ಸೈಜ್ ಹಾಸಿಗೆ 78 ಇಂಚು ಉದ್ದದ್ದೂ ಇರುತ್ತದೆ, 75 ಇಂಚಿನದ್ದೂ ಇರುತ್ತದೆ. ಸಾವಿರಾರು ಕಿಲೋಮೀಟರ್ ದೂರದಿಂದ ಬಂದ ಮಂಚದಲ್ಲಿ ಮೂರು ಇಂಚು ವ್ಯತ್ಯಾಸವಾದರೆ ವಾಪಸ್ ಕಳಿಸುವ ಮಾತೇ ಇಲ್ಲ.

2. ಯಾವ ಮರ ಬೇಕೋ ಆ ಊರು

ಊರು ನಿರ್ಧರಿಸಿ ಆಮೇಲೆ ಮರ ಹುಡುಕುವವರೇ ಜಾಸ್ತಿ. ತಿರುಗಿಸಿ ಯೋಚಿಸಿ.

ಜೋಧಪುರ ಎಂದರೆ ಶೀಶಮ್, ಮಾವು, ಅಕೇಶಿಯಾ. ಬೋರಾನಾಡಾ, ಬಾಸನಿ ಕೈಗಾರಿಕಾ ಪ್ರದೇಶಗಳಲ್ಲಿ ವಿದೇಶಕ್ಕೆ ಫರ್ನಿಚರ್ ಕಳಿಸುವ ಕಾರ್ಖಾನೆಗಳಿವೆ. ಕೆತ್ತನೆ, ಹಿತ್ತಾಳೆ ಕೂರಿಸಿದ ಪೆಟ್ಟಿಗೆ, ಕಬ್ಬಿಣ ಮತ್ತು ಮರ ಸೇರಿಸಿದ ಟೇಬಲ್ಲು ಇಂಥವು ಬೇಕಿದ್ದರೆ ಅಲ್ಲಿ ಸಿಗುವಷ್ಟು ಬಗೆ ನಮ್ಮಲ್ಲಿ ಸಿಗುವುದು ಕಷ್ಟ. ಒಂದು ವಿಷಯ ತಿಳಿದಿರಲಿ. ಶೀಶಮ್ಮನ್ನು ಅಂಗಡಿಗಳಲ್ಲಿ ‘ರೋಸ್‌ವುಡ್’ ಎಂದು ಮಾರುವುದುಂಟು. ಅದು ನಮ್ಮ ಬೀಟೆ ಮರದ ನೆಂಟನೇ ಹೊರತು ಬೀಟೆ ಅಲ್ಲ. ಬೀಟೆಯ ರೇಟು ಕೊಡಬೇಡಿ.

ತೇಗವೇ ಬೇಕು ಎನ್ನುವವರಿಗೆ ನಿಲಂಬೂರು. ಮಲಬಾರಿನ ಕಲೆಕ್ಟರ್ ಆಗಿದ್ದ ಕನೋಲಿ 1840ರ ದಶಕದಲ್ಲಿ ಚಾತು ಮೆನನ್ ಅವರ ನೆರವಿನಿಂದ ಅಲ್ಲಿ ತೇಗದ ತೋಪು ಬೆಳೆಸಲು ಶುರುಮಾಡಿಸಿದರು. ನಿಲಂಬೂರು ತೇಗಕ್ಕೆ ಈಗ ಜಿಐ (ಆ ಊರಿನದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಆದರೆ ಆ ಊರಿನ ಅಂಗಡಿಯಲ್ಲಿ ನಿಂತದ್ದೆಲ್ಲ ಆ ಮಣ್ಣಿನ ತೇಗವಲ್ಲ. ನಮಗೆ ತೇಗ ಕಳಿಸುತ್ತಿದ್ದ ಮ್ಯಾನ್ಮಾರ್ 2014ರಲ್ಲಿ ದಿಮ್ಮಿ ರಫ್ತು ನಿಲ್ಲಿಸಿತು. ಈಗ ಆಫ್ರಿಕಾ, ಲ್ಯಾಟಿನ್ ಅಮೆರಿಕದ ತೋಟಗಳ ತೇಗ ನಮ್ಮ ಬಂದರುಗಳಿಗೆ ಬಂದು ಇಳಿಯುತ್ತದೆ. ಅದು ಕೆಟ್ಟದ್ದೇನಲ್ಲ. ಆದರೆ ಎಳೆಯ ಮರವಾದರೆ ಚೇಗು (ಮರದ ನಡುವಿನ ಗಟ್ಟಿ ಭಾಗ) ಕಡಿಮೆ, ಬಿಳಿ ಭಾಗ ಜಾಸ್ತಿ. ಆದ್ದರಿಂದ ‘ತೇಗವಾ?’ ಎಂದು ಕೇಳಿ ಬಿಡಬೇಡಿ. ‘ಎಲ್ಲಿಯ ತೇಗ, ಬಿಲ್ಲಿನಲ್ಲಿ ಬರೆದುಕೊಡುತ್ತೀರಾ?’ ಎಂದು ಕೇಳಿ. ಕೇರಳದಲ್ಲೇ ಕೋತಮಂಗಲದ ಹತ್ತಿರದ ನೆಲ್ಲಿಕುಳಿಯಲ್ಲೂ ಸಾಲು ಸಾಲು ಫರ್ನಿಚರ್ ಅಂಗಡಿಗಳಿವೆ. ಒಂದೇ ದಿನ ಹತ್ತಾರು ಕಡೆ ರೇಟು ಕೇಳಬಹುದು.

ಇನ್ನೊಂದು ದಾರಿಯನ್ನು ನಾವು ಸುಮ್ನೆ ಮರೆತುಬಿಡುತ್ತೇವೆ. ಬೆಂಗಳೂರಿನ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಂಥ ಕಡೆ ಮರ ಆರಿಸಿ, ಕೊಯ್ಸಿ, ಗೊತ್ತಿರುವ ಬಡಗಿಯ ಕೈಗೆ ಕೊಡುವುದು. ಉತ್ತರ ಕರ್ನಾಟಕದವರಿಗೆ ದಾಂಡೇಲಿಯ ಸಾಗುವಾನಿ, ಅಂದರೆ ತೇಗ, ಹತ್ತಿರ. ಮರವನ್ನು ಪಾಲಿಷ್‌ಗೆ ಮೊದಲೇ ನೋಡುವ ಭಾಗ್ಯ ಇಲ್ಲಿ ಊರು ಬಿಡದೆ ಸಿಗುತ್ತದೆ. ನಾಲ್ಕೈದು ಸಾಮಾನು ಮಾತ್ರ ಬೇಕಿದ್ದರೆ ನಾನು ಇದನ್ನೇ ಹೇಳುತ್ತೇನೆ.

3. ಮನೆ ಬಾಗಿಲಿಗೆ ಬಂದು ಬೀಳುವ ರೇಟು ಹಾಕಿ

ಕಾರ್ಖಾನೆಯ ರೇಟನ್ನು ಶೋರೂಮಿನ ರೇಟಿನ ಪಕ್ಕ ಇಟ್ಟು ನೋಡಿದರೆ ಮೋಸ ಹೋಗುತ್ತೇವೆ. ಒಂದರಲ್ಲಿ ತೆರಿಗೆ, ಸಾಗಣೆ, ಜೋಡಣೆ ಸೇರಿರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಇಲ್ಲಿರುವ ಅಂಕಿಗಳು ಲೆಕ್ಕ ತೋರಿಸಲು ಇಟ್ಟವು, ಮಾರುಕಟ್ಟೆಯ ದರವಲ್ಲ. ಎರಡು ಮಂಚ, ಒಂದು ಬೀರು, ಆರು ಕುರ್ಚಿಯ ಡೈನಿಂಗ್ ಟೇಬಲ್‌ಗೆ ಬೆಂಗಳೂರಿನಲ್ಲಿ ಎಲ್ಲ ಸೇರಿ 3 ಲಕ್ಷ ಎಂದರು. ಜೋಧಪುರದಲ್ಲಿ 2.20 ಲಕ್ಷ ಎಂದರು. ಉಳಿತಾಯ 80 ಸಾವಿರ ಎಂದು ಕಾಣುತ್ತದೆ, ಅಲ್ವಾ? ಮರದ ಫರ್ನಿಚರ್‌ಗೆ ಜಿಎಸ್‌ಟಿ ಶೇ 18. ಅಂದರೆ 39,600 ಸೇರಿತು. ಪ್ಯಾಕಿಂಗ್, ಲಾರಿ ಬಾಡಿಗೆ, ಹಮಾಲಿ ಸೇರಿ 30 ಸಾವಿರ ಇಟ್ಟುಕೊಳ್ಳಿ. ಇಬ್ಬರು ಹೋಗಿ, ಉಳಿದು, ಓಡಾಡಿ ಬರಲು 25 ಸಾವಿರ. ಒಟ್ಟು 3,14,600 ಆಯಿತು. ಊರಲ್ಲೇ ಕೊಂಡಿದ್ದರೆ 14,600 ಉಳಿಯುತ್ತಿತ್ತು.

ಸಾಮಾನು ಎರಡರಷ್ಟಾದರೆ ಪ್ರಯಾಣದ ಖರ್ಚು ಅಷ್ಟೇ ಇರುತ್ತದೆ. ಲಾರಿ ಬಾಡಿಗೆಯೂ ಎರಡರಷ್ಟಾಗದೆ 50 ಸಾವಿರಕ್ಕೆ ನಿಂತಿತು ಎನ್ನೋಣ. ಇಲ್ಲಿ 6 ಲಕ್ಷ, ಅಲ್ಲಿಂದ ತಂದರೆ 5,94,200. ಇಡೀ ಮನೆಯ ಸಾಮಾನು ತಂದರೂ ಉಳಿದದ್ದು 5,800 ರೂಪಾಯಿ! ನಿಮ್ಮ ಅಂಕಿಗಳನ್ನು ಇದೇ ಸಾಲಿನಲ್ಲಿ ಕೂರಿಸಿ ನೋಡಿ. ವ್ಯತ್ಯಾಸ ಚಿಲ್ಲರೆ ಎನಿಸಿದರೆ ದುಡ್ಡಿನ ಕಾರಣಕ್ಕೆ ಹೋಗಬೇಡಿ. ಒಳ್ಳೆಯ ಮರ, ಬೇರೆಲ್ಲೂ ಸಿಗದ ಕೆಲಸ ಸಿಗುತ್ತದೆ ಎಂದಾದರೆ ಮಾತ್ರ ಹೊರಡಿ.

ಬಿದಿರು ಅಥವಾ ಬೆತ್ತದಿಂದಲೇ ಮಾಡಿದ ಫರ್ನಿಚರ್‌ಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5 ಮಾತ್ರ. ಬಾಲ್ಕನಿ, ಪಡಸಾಲೆಗೆ ಅವೇ ಸಾಕು ಎನ್ನುವವರ ಲೆಕ್ಕ ಬೇರೆಯೇ ಆಗುತ್ತದೆ.

4. ಟಿಕೆಟ್ ಮಾಡಿಸುವ ಮೊದಲು ಫೋನು

‘ಫ್ಯಾಕ್ಟರಿ ಔಟ್‌ಲೆಟ್’ ಎಂದು ಯಾರು ಬೇಕಾದರೂ ಬೋರ್ಡು ಹಾಕಬಹುದು. ನಿಜವಾಗಿ ತಯಾರಿಸುವವರೋ, ತಂದು ಮಾರುವವರೋ ತಿಳಿಯಲು ಸುಲಭದ ದಾರಿ ಇದೆ. ಅವರ ಜಿಎಸ್‌ಟಿ ನಂಬರ್ ಕೇಳಿ. ಜಿಎಸ್‌ಟಿಯ ಸರ್ಕಾರಿ ಜಾಲತಾಣದಲ್ಲಿ ಆ ನಂಬರ್ ಹಾಕಿ ಹುಡುಕಿದರೆ ವ್ಯಾಪಾರದ ಹೆಸರು, ವಿಳಾಸ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ವ್ಯವಹಾರ ತಯಾರಿಕೆಯೋ, ಸಗಟೋ, ಚಿಲ್ಲರೆಯೋ ಎಂದೂ ಅಲ್ಲೇ ಕಾಣುತ್ತದೆ. ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ರಾಜಸ್ಥಾನ 08, ಕೇರಳ 32, ನಮ್ಮದು 29.

ಆಮೇಲೆ ಮೂರು ಪ್ರಶ್ನೆ. ಒಂದೆರಡು ಮನೆಯ ಸಾಮಾನಿನ ಆರ್ಡರ್ ತೆಗೆದುಕೊಳ್ಳುತ್ತೀರಾ? ರಫ್ತು ಮಾಡುವ ಎಷ್ಟೋ ಕಾರ್ಖಾನೆಗಳಿಗೆ ಕಂಟೇನರ್ ಲೆಕ್ಕದ ಕೆಲಸವೇ ಬೇಕು. ಮರ ಒಣಗಿಸುವ ಕೋಣೆ ನಿಮ್ಮಲ್ಲೇ ಇದೆಯಾ? ಪಾಲಿಷ್‌ಗೆ ಮೊದಲು ನೋಡಲು ಬಿಡುತ್ತೀರಾ? ಮೂರನೆಯದಕ್ಕೆ ‘ಇಲ್ಲ’ ಎಂದರೆ ಫೋನ್ ಇಟ್ಟುಬಿಡಿ.

5. ಕಾರ್ಖಾನೆಯಲ್ಲಿ ಏನು ನೋಡಬೇಕು

ಪಾಲಿಷ್ ಒಳ್ಳೆಯದನ್ನೂ ಮುಚ್ಚುತ್ತದೆ, ಕೆಟ್ಟದ್ದನ್ನೂ ಮುಚ್ಚುತ್ತದೆ. ಮಾವಿಗೋ ಅಕೇಶಿಯಾಕ್ಕೋ ಗಾಢ ವಾಲ್‌ನಟ್ ಬಣ್ಣ ಕೊಟ್ಟರೆ ಶೀಶಮ್‌ನಿಂದ ಬೇರ್ಪಡಿಸುವುದು ನಮ್ಮಂಥವರಿಗೆ ಕಷ್ಟ. ಅದಕ್ಕೇ ಶೋರೂಮಿನಲ್ಲಿ ಚಹಾ ಕುಡಿಯುತ್ತ ಕೂರದೆ ಹಿಂದಿನ ಶೆಡ್ಡಿಗೆ ನಡೆಯಿರಿ.

ಅರ್ಧ ಕೆಲಸವಾದ ಒಂದು ಕುರ್ಚಿಯನ್ನು ಬೆಳಕಿಗೆ ತರಿಸಿ ತಲೆಕೆಳಗು ಮಾಡಿ. ಮೊದಲು ಬಣ್ಣ ನೋಡಿ. ಮರದ ನಡುವಿನ ಚೇಗು ಗಾಢವಾಗಿರುತ್ತದೆ, ತೊಗಟೆಯ ಕಡೆಯ ಭಾಗ ಬೆಳ್ಳಗಿರುತ್ತದೆ. ಹುಳ ಮೊದಲು ಹಿಡಿಯುವುದು ಈ ಬಿಳಿ ಭಾಗವನ್ನು. ಶೀಶಮ್‌ನಲ್ಲಂತೂ ಕಂದು ಬಣ್ಣದ ಪಕ್ಕದಲ್ಲಿ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಕಾಲಿನಲ್ಲಿ, ಮಂಚದ ಪಕ್ಕದ ಹಲಗೆಯಲ್ಲಿ, ಭಾರ ಹೊರುವ ಕಡೆಯಲ್ಲೆಲ್ಲ ಬಿಳಿ ಇದ್ದರೆ ಬೇಡ ಎನ್ನಿ. ಸೂಜಿ ಚುಚ್ಚಿದಂಥ ತೂತು, ಅದರ ಕೆಳಗೆ ಹಿಟ್ಟಿನಂಥ ನುಣ್ಣನೆಯ ಪುಡಿ ಕಂಡರೆ ಒಳಗೆ ಹುಳ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಮಾವಿನ ಮರಕ್ಕೆ ಹುಳ ಬೇಗ ಬರುತ್ತದೆ. ಅದಕ್ಕೆ ಹುಳ ಹಿಡಿಯದ ಔಷಧಿ ಕೊಟ್ಟಿದ್ದಾರೆಯೇ, ಹೇಗೆ ಕೊಟ್ಟಿದ್ದಾರೆ ಎಂದು ಕೇಳಲೇಬೇಕು.

ಆಮೇಲೆ ಸಂದು. ಕುರ್ಚಿಯ ಕಾಲಿಗೆ ಅಡ್ಡಪಟ್ಟಿ ಸೇರುವ ಜಾಗದಲ್ಲಿ ಬೆರಳಾಡಿಸಿ. ಪಟ್ಟಿಯ ತುದಿಯನ್ನು ನಾಲಿಗೆಯಂತೆ ಕೆತ್ತಿ ಕಾಲಿನ ತೂತಿಗೆ ಬಿಗಿಯಾಗಿ ಕೂರಿಸಿದ್ದರೆ ಒಳ್ಳೆಯ ಕೆಲಸ. ಬರೀ ಮೊಳೆ, ಸ್ಕ್ರೂ ಮೇಲೆ ನಿಂತಿದ್ದರೆ ಒಂದೆರಡು ವರ್ಷಕ್ಕೇ ಅಲುಗಾಡುತ್ತದೆ. ಸಂದಿನಲ್ಲಿ ಮರದ ಪುಡಿಗೆ ಅಂಟು ಕಲಸಿ ತುಂಬಿದ್ದು ಕಂಡರೆ ಉಗುರಿನಿಂದ ಕೆರೆದು ನೋಡಿ. ಕೂದಲೆಳೆಯ ಬಿರುಕಿಗೆ ತುಂಬಿದ್ದರೆ ಪರವಾಗಿಲ್ಲ, ಬೆರಳಗಲದ ಗುಳಿಗೆ ತುಂಬಿದ್ದರೆ ಒಪ್ಪಬೇಡಿ. ಬೀರುವಿನ ಹಿಂಬದಿ, ಡ್ರಾಯರಿನ ತಳ ನೋಡುವುದನ್ನು ಮರೆಯಬೇಡಿ. ಮುಂದೆ ಗಟ್ಟಿ ಮರ ಇಟ್ಟು ಹಿಂದೆ ಅಗ್ಗದ ಪ್ಲೈವುಡ್ ಹೊಡೆಯುವುದು ಮಾಮೂಲು. ಪ್ಲೈವುಡ್ ತಪ್ಪಲ್ಲ. ಆದರೆ ‘ಪೂರ್ತಿ ಮರ’ ಎಂದು ಬೆಲೆ ಹೇಳಿದವರು ಅದನ್ನು ಬಾಯಿ ಬಿಟ್ಟು ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಮರದೊಳಗಿನ ತೇವ. ಒಣಹವೆಯ ಜೋಧಪುರದಲ್ಲಿ ಬಿಗಿಯಾಗಿ ಕೂರಿಸಿದ ಡ್ರಾಯರು ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಕೇರಳದ ತೇವದಲ್ಲಿ ಸರಿಯಾಗಿ ಒಣಗಿಸದೆ ಮಾಡಿದ ಟೇಬಲ್ಲು ಕಲಬುರಗಿಯ ಬೇಸಿಗೆಗೆ ಕುಗ್ಗಿ ಹಲಗೆ ಹಲಗೆಯ ನಡುವೆ ಬಾಯಿ ಬಿಡುತ್ತದೆ. ಮರ ಉದ್ದಕ್ಕೆ ಅಲುಗುವುದು ತೀರಾ ಕಡಿಮೆ, ಅಡ್ಡಕ್ಕೇ ಹಿಗ್ಗುವುದು ಕುಗ್ಗುವುದು. ಅಗಲ ಹಲಗೆಗಳಿಗೆ ಅಷ್ಟು ಜಾಗ ಬಿಟ್ಟು ಚೌಕಟ್ಟಿನಲ್ಲಿ ಕೂರಿಸುವವರು ಕಸುಬು ಬಲ್ಲವರು. ತೇವ ಅಳೆಯುವ ಮೀಟರ್ ಕಾರ್ಖಾನೆಯಲ್ಲೇ ಇರುತ್ತದೆ. ನಿಮ್ಮ ಎದುರಿಗೇ ಇಟ್ಟು ತೋರಿಸಲು ಹೇಳಿ. ಒಳನಾಡಿನ ಮನೆಗೆ ಶೇ 10ರಿಂದ 12ರ ಆಸುಪಾಸು ಇದ್ದರೆ ಸರಿ. ಕರಾವಳಿಗೆ ಸ್ವಲ್ಪ ಜಾಸ್ತಿ ಇದ್ದರೂ ನಡೆಯುತ್ತದೆ. ಶೇ 16, 18 ತೋರಿಸಿದರೆ ಇನ್ನೂ ಒಣಗಬೇಕು. ‘ನಿಮ್ಮ ಮನೆಗೆ ಬಂದ ಮೇಲೆ ಒಣಗುತ್ತೆ’ ಎನ್ನುವ ಮಾತಿಗೆ ಒಪ್ಪಬೇಡಿ. ಮನೆಯಲ್ಲಿ ಒಣಗುವಾಗಲೇ ಅದು ಸೊಟ್ಟಗಾಗುವುದು.

ಹೋಗುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ ಹೋಗಿ. ಕೇರಳದ ಮಳೆಯಲ್ಲಿ ಮರ ತೇವ ಹೀರುತ್ತದೆ, ಪಾಲಿಷ್ ಬೆಳ್ಳಗೆ ಮಂಜು ಹಿಡಿಯುತ್ತದೆ.

6. ಆರ್ಡರ್, ಹಣ, ಬಿಲ್

ಮರದ ಹೆಸರು, ಪ್ರತಿ ಸಾಮಾನಿನ ಅಳತೆ, ಹಲಗೆಯ ದಪ್ಪ, ಪಾಲಿಷ್ ಬಗೆ, ಯಾವ ದಿನಕ್ಕೆ ಕೊಡುತ್ತಾರೆ ಎಲ್ಲವೂ ಆರ್ಡರ್ ಹಾಳೆಯ ಮೇಲೆ ಬರಲಿ. ದಪ್ಪ ಬರೆಸದೇ ಹೋದರೆ ಒಂದು ಇಂಚಿನ ಹಲಗೆ ಮುಕ್ಕಾಲು ಇಂಚಾಗಿ ಬರುತ್ತದೆ. ಹಣವನ್ನು ಮೂರು ಕಂತು ಮಾಡಿ: ಮುಂಗಡ ಸ್ವಲ್ಪ, ಪಾಲಿಷ್‌ಗೆ ಮೊದಲು ವಿಡಿಯೊ ಕರೆಯಲ್ಲಿ ನೋಡಿ ಒಪ್ಪಿದ ಮೇಲೆ ಇನ್ನೊಂದು, ಸಾಮಾನು ಹೊರಡುವಾಗ ಉಳಿದದ್ದು. ಬಿಲ್ಲಿನಲ್ಲಿರುವ ಹೆಸರಿನ ಖಾತೆಗೇ ಹಾಕಿ.

‘ಬಿಲ್ ಬೇಡ ಅಂದ್ರೆ ಶೇ 18 ಉಳಿಯುತ್ತೆ’ ಎಂದು ಆಸೆ ಹುಟ್ಟಿಸುವವರು ಸಿಗುತ್ತಾರೆ. ಒಪ್ಪಬೇಡಿ. 50 ಸಾವಿರಕ್ಕೂ ಹೆಚ್ಚಿನ ಹೊಸ ಸಾಮಾನು ಬೇರೆ ರಾಜ್ಯದಿಂದ ಬರುವಾಗ ಇ-ವೇ ಬಿಲ್ (ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಸಾಗಣೆ ಪತ್ರ) ಬೇಕು. ಅದಿಲ್ಲದೆ ಸಿಕ್ಕಿಬಿದ್ದರೆ ಲಾರಿ ನಿಲ್ಲುತ್ತದೆ, ದಂಡ ಬೀಳುತ್ತದೆ. ಇನ್ನೂ ದೊಡ್ಡ ನಷ್ಟವೆಂದರೆ, ಮುಂದೆ ಜಗಳವಾದರೆ ನಿಮ್ಮ ಕೈಯಲ್ಲಿ ಸಾಕ್ಷಿ ಇರುವುದಿಲ್ಲ. ನಿಲಂಬೂರಿನಿಂದ ಫರ್ನಿಚರ್ ಬಿಟ್ಟು ತೇಗದ ಹಲಗೆಯನ್ನೇ ತರುವ ಆಲೋಚನೆ ಇದ್ದರೆ ಅರಣ್ಯ ಇಲಾಖೆಯ ಸಾಗಣೆ ಪರವಾನಗಿಯ ಬಗ್ಗೆಯೂ ಮಾರುವವರ ಹತ್ತಿರ ಮೊದಲೇ ಮಾತಾಡಿ.

7. ಸಾಗಣೆ ಮತ್ತು ಇಳಿಸುವ ದಿನ

ಫರ್ನಿಚರ್ ತೂಕಕ್ಕಿಂತ ಜಾಗ ಜಾಸ್ತಿ ತಿನ್ನುತ್ತದೆ. ಮಂಚ, ಟೇಬಲ್ಲು ಬಿಚ್ಚಿ ಜೋಡಿಸುವಂತಿದ್ದರೆ ಬಾಡಿಗೆ ಇಳಿಯುತ್ತದೆ, ಲಿಫ್ಟಿಗೂ ಹಿಡಿಸುತ್ತದೆ. ಪಾರ್ಸೆಲ್ ಲಾರಿಯವರು ಮನೆವರೆಗೆ ತರುತ್ತಾರೋ, ಗೋಡೌನಿನಲ್ಲಿ ಇಳಿಸಿ ಕೈತೊಳೆದುಕೊಳ್ಳುತ್ತಾರೋ ಕೇಳಿ. ದಾರಿಯಲ್ಲಿ ಮುರಿದರೆ ಯಾರ ಹೊಣೆ ಎಂಬುದನ್ನು ಬರೆಸಿ, ಸಾಗಣೆ ವಿಮೆ ಮಾಡಿಸಿ. ನಿಲಂಬೂರಿನಿಂದ ಗೂಡಲೂರು, ಬಂಡೀಪುರದ ಮೇಲೆ ಗಾಡಿ ಬರುವುದಾದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಕಾಡಿನ ರಸ್ತೆ ಮುಚ್ಚಿರುತ್ತದೆ. ಮಧ್ಯಾಹ್ನದೊಳಗೆ ಲೋಡ್ ಮುಗಿಸಿ ಹೊರಡಿಸಿ.

ಸಾಮಾನು ಬಂದ ದಿನ ಪ್ಯಾಕಿಂಗ್ ಬಿಚ್ಚುವುದನ್ನು ಶುರುವಿನಿಂದ ವಿಡಿಯೊ ಮಾಡಿ. ಲಾರಿಯವರ ರಸೀದಿಗೆ ಸಹಿ ಹಾಕುವ ಮುನ್ನ ಒಡಕು, ಗೀರು ಕಂಡದ್ದನ್ನು ಅದರ ಮೇಲೇ ಬರೆಯಿರಿ. ಕಾರ್ಖಾನೆಯವರು ಸ್ಪಂದಿಸದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜೋಧಪುರಕ್ಕೆ ಓಡಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಬಿಲ್, ಆರ್ಡರ್ ಹಾಳೆ, ಹಣ ಕಳಿಸಿದ ದಾಖಲೆ, ಆ ವಿಡಿಯೊ ಇವಿಷ್ಟನ್ನು ಒಂದೇ ಕಡೆ ಇಟ್ಟುಕೊಂಡಿರಿ.